ಹತ್ತೊಂಬತ್ತರ ಪಾಸು

ಯೆವ್ಸೇಯ್ ಕಾರ್ಖಾನೆಯ ರೊಟ್ಟಿ ಅಂಗಡಿಯಲ್ಲಿ ತಕ್ಕಡಿ ಹಿಡಿದವನು. ಯುದ್ಧದ ನಾಲ್ಕು ಚಳಿಗಾಲ ಊರಿಗೆ ಊರೇ ಚೀಟಿ ಹಿಡಿದು ಸಾಲು ನಿಂತಾಗ ಒಬ್ಬರಿಗೂ ಒಂದು ಚೂರು ಹೆಚ್ಚು ಕೊಡಲಿಲ್ಲ, ಒಂದು ಚೂರು ಕಡಿಮೆಯೂ ಮಾಡಲಿಲ್ಲ. ಸ್ವಂತ ಹೆಂಡತಿ ಬಂದು ನಿಂತರೂ ಮುಖ ನೋಡುತ್ತಿರಲಿಲ್ಲವಂತೆ. ಕೈ ನೋಡಿ ಚೀಟಿ ಇಸಿದುಕೊಳ್ಳುತ್ತಿದ್ದ, ಅಷ್ಟೇ. ಅವನ ಮಗ ಪ್ರೊಖೊರ್ ಕುಲುಮೆಯ ಮುಂದೆ ಮೈ ಬೇಯಿಸಿಕೊಂಡು ಉಕ್ಕು ಕಾಯಿಸಿದವನು. ಪಾಳಿ ಮುಗಿಸಿ ಬಂದು ಕಾರ್ಖಾನೆಯ ಕೊಳದ ಮೇಲಿನ ಹಿಮ ಗುಡಿಸಿ, ಸುತ್ತ ಹಲಗೆ ನಿಲ್ಲಿಸಿ, ನೀರು ಹೊಯ್ದು ಗಟ್ಟಿ ಮಾಡಿ ಊರಿಗೆ ಮೊದಲ ಐಸ್-ಹಾಕಿ ಆಟದ ಅಂಗಳ ಮಾಡಿಕೊಟ್ಟವನೂ ಅವನೇ. ಆಗ ದೀಪದ ಗಡಿಯಾರವೆಲ್ಲಿ ಬರಬೇಕು? ರೈಲು ಕಂಬಿಯ ತುಂಡೊಂದನ್ನು ತೂಗುಹಾಕಿ, ಕೈಗಡಿಯಾರ ನೋಡಿ, ಹೊತ್ತು ಮುಗಿದಾಗ ಸುತ್ತಿಗೆಯಿಂದ ಬಾರಿಸುತ್ತಿದ್ದ. ಒಂದು ಸಲ ತಮ್ಮೂರಿನ ಹುಡುಗ ಕೋಲಿನಿಂದ ಹೊಡೆದ ರಬ್ಬರ್ ಬಿಲ್ಲೆ ಇನ್ನೂ ಗಾಳಿಯಲ್ಲಿರುವಾಗಲೇ ಹೊತ್ತು ಮುಗಿಯಿತು. ಪ್ರೊಖೊರ್ ಬಾರಿಸಿಯೇ ಬಿಟ್ಟ. ಬಿಲ್ಲೆ ಬಲೆಯೊಳಗೆ ಬಿದ್ದರೂ ಗೋಲು ಸಿಗಲಿಲ್ಲ. ಊರು ಒಂದು ತಿಂಗಳು ಅವನನ್ನು ಮಾತಾಡಿಸಲಿಲ್ಲ. ಅದನ್ನು ಅವನು ಸಾಯುವ ತನಕ ಎದೆ ಸೆಟೆಸಿ ಹೇಳಿಕೊಂಡ.

ಆ ಪ್ರೊಖೊರನ ಮಗಳು ನಿನೆಲ್. ಅಪ್ಪನ ಹೆಸರು ಹಿಡಿದು ಊರೆಲ್ಲ ಅವಳನ್ನು ಪ್ರೊಖೊರೊವ್ನಾ ಎನ್ನುತ್ತಿತ್ತು; ಹುಡುಗರಿಗೆ ಮಾತ್ರ ನಿನೆಲ್ ಅಜ್ಜಿ. ಐಸ್ ಅರಮನೆ ಎಂಬ ಒಳಾಂಗಣ ಕ್ರೀಡಾಂಗಣ ಕಟ್ಟಿದಂದಿನಿಂದ ಮೂವತ್ತೊಂದು ಚಳಿಗಾಲ ಅಂಗಳದ ಪಕ್ಕದ ಗಾಜಿನ ಗೂಡಿನಲ್ಲಿ, ಕಾಲಿಗೆ ಉಣ್ಣೆಯ ಬೂಟು ಏರಿಸಿ, ಮೊಣಕಾಲಿಗೆ ಕಂಬಳಿ ಹೊದ್ದು ಕೂತು ‘ಮಾರ್ತೆನ್’ ತಂಡದ ಎಳೆಯ ಹುಡುಗರ ಆಟದ ಪಟ್ಟಿ ಬರೆದವಳು. ಗೋಲು ಯಾರದು, ಅದಕ್ಕೆ ಪಾಸು ಕೊಟ್ಟ ಇಬ್ಬರು ಯಾರು, ಯಾವ ನಿಮಿಷ, ಎಷ್ಟನೇ ಸೆಕೆಂಡು. ಗೋಲು ಹೊಡೆದವನ ಅಂಕಿಯನ್ನು ರೆಫರಿ ಕಿಂಡಿಗೆ ಬಂದು ಹೇಳುತ್ತಿದ್ದ. ಪಾಸು ಕೊಟ್ಟವರನ್ನು ಅವಳ ಕಣ್ಣಿಗೇ ಬಿಟ್ಟಿದ್ದರು. ಪ್ರೊಖೊರೊವ್ನಾ ಬರೆದ ಮೇಲೆ ಎದುರು ತಂಡದವರು ಕೂಡ ತಕರಾರು ತೆಗೆದದ್ದಿಲ್ಲ.

ಆ ವರ್ಷ ಊರಿಗೆ ಗ್ಲೆಬ್‌ನ ಹುಚ್ಚು ಹಿಡಿದಿತ್ತು. ಹದಿನೇಳರ ಹುಡುಗ, ಬೆನ್ನ ಮೇಲೆ ತೊಂಬತ್ತೊಂದು. ಮಂಜುಗಡ್ಡೆಯ ಮೇಲೆ ನೀರು ಹರಿದಂತೆ ಹರಿಯುತ್ತಿದ್ದ. ಬರುವ ಜೂನ್‌ನಲ್ಲಿ ಸಮುದ್ರದಾಚೆಯ ದೊಡ್ಡ ತಂಡಗಳು ಹುಡುಗರನ್ನು ಆರಿಸಿಕೊಳ್ಳುವಾಗ ಇವನ ಹೆಸರನ್ನು ಎಷ್ಟನೆಯದಾಗಿ ಕರೆಯುತ್ತಾರೆ ಎಂಬುದೇ ಮಾರುಕಟ್ಟೆಯಲ್ಲಿ, ಊರಿನ ಹಬೆಸ್ನಾನದ ಮನೆಯಲ್ಲಿ, ಮದುವೆಯ ಊಟದಲ್ಲಿ ಮಾತು. ಅಭಿಮಾನಿಗಳಿಗೆ ಮುಂದಾಳು ನಾಲ್ಕನೇ ನಂಬರಿನ ಬಸ್ಸಿನ ಡ್ರೈವರ್ ವಾದಿಮ್. ಫೋನಿನಲ್ಲಿ ಗ್ಲೆಬ್‌ನ ಸುದ್ದಿಗೆಂದೇ ಒಂದು ಪುಟ ತೆರೆದು ಒಂದು ಆಟವನ್ನೂ ಬಿಡದೆ ಬರೆಯುತ್ತಿದ್ದ. ಹುಡುಗ ಎಷ್ಟು ಎತ್ತರ ಎಂದು ಸಮುದ್ರದಾಚೆಯ ಅಭಿಮಾನಿಗಳು ಕೇಳಿದಾಗ ಅವನನ್ನು ಬಸ್ಸಿನ ಬಾಗಿಲಿಗೆ ಒರಗಿಸಿ ಸೀಮೆಸುಣ್ಣದ ಗೆರೆ ಎಳೆದಿದ್ದ. ತಿಂಗಳಿಗೊಂದು ಗೆರೆ. ಹತ್ತುವವರು ಇಳಿಯುವವರು ಅದನ್ನು ಸವರಿ, “ಈ ತಿಂಗಳು ಒಂದು ಬೆರಳು ಏರಿದಾನೆ ಕಣೋ” ಎಂದು ಹೋಗುತ್ತಿದ್ದರು.

ಗ್ಲೆಬ್ ಹನ್ನೊಂದು ಆಟಗಳಲ್ಲಿ ಒಂದನ್ನೂ ಖಾಲಿ ಬಿಟ್ಟಿರಲಿಲ್ಲ. ಗೋಲಾದರೂ ಸರಿ, ಪಾಸಾದರೂ ಸರಿ, ಅವನ ಹೆಸರಿಗೆ ಏನಾದರೊಂದು ಇದ್ದೇ ಇರುತ್ತಿತ್ತು. ಊರಿನ ಹಳೆಯ ದಾಖಲೆಯೂ ಹನ್ನೊಂದೇ. ಹನ್ನೆರಡನೆಯ ಆಟದ ದಿನ ವಾದಿಮ್ ಕಿಂಡಿಗೆ ಬಂದು ಬಗ್ಗಿದ.

“ಪ್ರೊಖೊರೊವ್ನಾ, ಹಂಗೇ ಮೇಲೆ ನೋಡಿ. ಏಳನೇ ಸಾಲು, ಬೂದು ಟೋಪಿ. ಆಚೆಯಿಂದ ಹುಡುಗರನ್ನ ಆರಿಸಕ್ಕೆ ಬಂದವನು.”

“ಟೋಪಿ ನೋಡಿದ್ರೆ ಕೊಳಾಯಿ ರಿಪೇರಿಯವನ ಥರ ಇದಾನಲ್ಲೋ.”

“ಅಂಥವರೇ ನೋಡಿ ದೊಡ್ಡವರು. ಆಚೆಯ ಅಭಿಮಾನಿಗಳು ನನ್ನ ಪುಟದಲ್ಲಿ ಏನು ಕೇಳಿದಾರೆ ಗೊತ್ತಾ? ‘ನೀವು ಯಾವಾಗ್ಲೂ ಪ್ರೊಖೊರೊವ್ನಾ ಲೆಕ್ಕದ ಪ್ರಕಾರ ಅಂತ ಬರೀತೀರಲ್ಲ, ಅದು ಯಾವ ಸಂಸ್ಥೆ’ ಅಂತ!”

“ಮುಚ್ಚು ಬಾಯಿ. ಗಾಳಿ ಬರುತ್ತೆ, ಕಿಂಡಿ ಎಳಿ” ಎಂದಳು ನಿನೆಲ್. ಒಳಗೊಳಗೆ ಹಿಗ್ಗಿದ್ದಳು.

ಆ ದಿನ ಗ್ಲೆಬ್‌ಗೆ ಏನೂ ಕೂಡಿಬರಲಿಲ್ಲ. ಎದುರಿನವರು ಇಬ್ಬಿಬ್ಬರು ಅವನ ಬೆನ್ನಿಗೆ ಅಂಟಿಕೊಂಡಿದ್ದರು. ಕೊನೆಗೆ ಐದು ನಿಮಿಷ ಉಳಿಯಿತು. “ಶೈಬು! ಶೈಬು!” ಎಂದು ಬಿಲ್ಲೆಗಾಗಿ ಮೊರೆಯಿಡುತ್ತಿದ್ದ ಜನರ ಗಂಟಲೂ ಒಣಗಿತ್ತು. ಆಗ ರಿನಾತ್ ಎಂಬ ಹುಡುಗ ಅಂಗಳಕ್ಕಿಳಿದ. ಬೆನ್ನ ಮೇಲೆ ಹತ್ತೊಂಬತ್ತು. ತಂಡದ ಕೊನೆಯ ಸಾಲಿನವನು, ಹೊಡೆತಕ್ಕೆ ಮೈಯೊಡ್ಡಲು ಇದ್ದವನು. ಇಡೀ ವರ್ಷ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಏನೂ ಬಿದ್ದಿರಲಿಲ್ಲ. ಮೂಲೆಯಲ್ಲಿ ಮೂವರ ಕಾಲುಗಳ ನಡುವೆ ಸಿಕ್ಕಿಬಿದ್ದಿದ್ದ ಬಿಲ್ಲೆಯನ್ನು ಅವನು ಮಂಡಿಯೂರಿ, ಬಿದ್ದುಕೊಂಡೇ, ಕೋಲಿನ ತುದಿಯಿಂದ ಹೊರಗೆ ತಳ್ಳಿದ. ಐದನೇ ನಂಬರಿನವನು ಅದನ್ನೆತ್ತಿ ನಾಯಕನಿಗೆ ಕೊಟ್ಟ, ನಾಯಕ ಗೋಲು ಹೊಡೆದ. ಗ್ಲೆಬ್ ಅಂಗಳದ ಇನ್ನೊಂದು ಬದಿಯಲ್ಲಿ ನನಗೆ ಕೊಡಿ ಎಂದು ಕೋಲು ಬಡಿಯುತ್ತ ನಿಂತಿದ್ದ, ಅಷ್ಟೇ.

ನಿನೆಲ್ ಇದನ್ನೆಲ್ಲ ಅಂಗೈ ನೋಡಿದಷ್ಟು ಸ್ಪಷ್ಟವಾಗಿ ನೋಡಿದಳು. ನಾಯಕನ ಅಂಕಿ ಬರೆದಳು. ಐದು ಬರೆದಳು. ಆಮೇಲೆ ಒಂದು ಗಳಿಗೆ ಕೈ ನಿಂತಿತು. ಏಳನೇ ಸಾಲಿನ ಬೂದು ಟೋಪಿ ಕಣ್ಣಿಗೆ ಬಿತ್ತು. ಆರು ವರ್ಷದವನಾಗಿದ್ದಾಗ ಶಾಲೆಯ ಲೆಕ್ಕವನ್ನು ಇದೇ ಮೇಜಿನ ಮೇಲೆ ಮಾಡುತ್ತ, ಒಂಬತ್ತನ್ನು ತಲೆಕೆಳಗು ಬರೆದು ಬೈಸಿಕೊಳ್ಳುತ್ತಿದ್ದ ಗ್ಲೆಬ್ ಕಣ್ಣಿಗೆ ಬಂದ. ಬರೆದುಬಿಟ್ಟಳು: ತೊಂಬತ್ತೊಂದು.

ಧ್ವನಿವರ್ಧಕ ಅದನ್ನು ಓದಿತು. ಜನ ಎದ್ದು ಕುಣಿದರು. ಬೆಂಚಿನ ಮೇಲೆ ಕೂತಿದ್ದ ರಿನಾತ್ ತಲೆಯೆತ್ತಿ ಧ್ವನಿವರ್ಧಕವನ್ನು ನೋಡಿದ. ತಲೆ ತಗ್ಗಿಸಿ ಬೂಟಿನ ದಾರ ಬಿಗಿದುಕೊಂಡ. ಗ್ಲೆಬ್ ಗೂಡಿನ ಮುಂದಿನಿಂದ ಹಾದು ಹೋಗುವಾಗ ಗಾಜಿನೊಳಗೆ ಬಗ್ಗಿ ನೋಡಿದ. ನಿನೆಲ್ ಪಟ್ಟಿಯೊಳಗೆ ಮುಖ ಹುದುಗಿಸಿದಳು.

ಮಂಗಳವಾರ ಅಭಿಮಾನಿಗಳು ಜೇನು ಕೇಕು ತಂದರು. ಮೇಲೆ ಗಟ್ಟಿ ಹಾಲಿನಲ್ಲಿ ಹನ್ನೆರಡು ಎಂದು ಬರೆದಿತ್ತು. ವಾದಿಮ್ ಚಹಾದ ಲೋಟ ಎತ್ತಿ ಹಿಡಿದು ಕೂಗಿದ:

“ಇವರಪ್ಪ ನಮ್ಮವರ ಗೋಲೇ ಕಿತ್ತುಹಾಕಿದ ಪುಣ್ಯಾತ್ಮ! ಅಂಥವನ ಮಗಳು ಪಾಸು ಅಂತ ಬರೆದ್ರೆ ಅದು ಪಾಸೇ. ಆಚೆಯವರಿಗೂ ಹಂಗೇ ಬರೆದಿದೀನಿ. ತಿನ್ನಿ ಪ್ರೊಖೊರೊವ್ನಾ, ಮೊದಲ ತುಂಡು ನಿಮ್ದೇ.”

“ಹಲ್ಲು ನೋವು ಕಣಪ್ಪ.”

“ಯಾವ ಹಲ್ಲು? ಇರೋದೇ ನಾಲ್ಕು!” ಎಂದು ಯಾರೋ ಹಿಂದಿನಿಂದ ಛೇಡಿಸಿದರು. ಎಲ್ಲರೂ ನಕ್ಕರು. ನಿನೆಲ್‌ಗೆ ಆ ನಗುವಿನ ನಡುವೆ ಬೆತ್ತಲೆ ನಿಂತಂತಾಯಿತು. ಆ ವಾರ ಮಾರುಕಟ್ಟೆಗೆ ಹೋಗಲಿಲ್ಲ. ರೊಟ್ಟಿ ತರಲು ಹೋದರೂ ಹಿಂದಿನ ಬೀದಿ ಹಿಡಿದು ಹೋದಳು. ದಾರಿಯಲ್ಲಿ ಸಿಕ್ಕವರು “ಭೇಷ್” ಎಂದರೆ ಬೆನ್ನಿಗೆ ಹೊಡೆದಂತಾಗುತ್ತಿತ್ತು. ಮೊದಮೊದಲು, ಒಂದು ಪಾಸು ತಾನೇ, ಆಟವಂತೂ ಗೆದ್ದಾಯಿತಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಶನಿವಾರ ಆ ಸಮಾಧಾನವೂ ಹೋಯಿತು.

ಶನಿವಾರ ಆಟಕ್ಕೆ ಮುಂಚೆ ಕಿಂಡಿಯನ್ನು ಯಾರೋ ಬೆರಳಿನಿಂದ ಮೆಲ್ಲಗೆ ತಟ್ಟಿದರು. ರಿನಾತ್.

“ನಿನೆಲ್ ಅಜ್ಜಿ, ಹೋದ ಆಟದ ನಿಮ್ಮ ಕೈಬರಹದ ಪಟ್ಟಿ ಇದೆಯಾ? ಒಂದು ಫೋಟೋ ತಗೊಳ್ಳಾ?”

“ಯಾಕಪ್ಪ?”

“ಅಪ್ಪ ಬಡಗಡೆ ಎಣ್ಣೆ ಬಾವಿ ಹತ್ರ ಪಾಳಿಗೆ ಹೋಗಿದಾರೆ. ನನಗೆ ಒಂದು ಪಾಸು ಸಿಕ್ತು ಅಂತ ಫೋನಲ್ಲಿ ಹೇಳಿಬಿಟ್ಟಿದ್ದೆ. ಅವರು ಕೋಣೆಯವರಿಗೆಲ್ಲ ಚಹಾ ಕುಡಿಸಿದಾರಂತೆ. ಅವತ್ತು ಮೈಕಲ್ಲಿ ತಪ್ಪು ಓದಿದ್ರು ಅಂದ್ಕೊಂಡಿದ್ದೆ, ಈಗ ಫೋನಲ್ಲಿ ನೋಡಿದ್ರೂ ಬೇರೆ ಥರ ತೋರಿಸ್ತಿದೆ. ಅಲ್ಲೇನೋ ತಪ್ಪಾಗಿರ್ಬೇಕು. ನಿಮ್ಮ ಪಟ್ಟೀಲಿ ಸರಿ ಇರುತ್ತಲ್ಲ, ಅದನ್ನೇ ಕಳಿಸೋಣ ಅಂತ.”

ನಿನೆಲ್ ಕಡತ ತೆಗೆದಳು. ತೆಗೆಯದಿರಲು ಒಂದು ಸುಳ್ಳು ಹೊಳೆಯಲಿಲ್ಲವೆಂದಲ್ಲ. ಹೊಳೆದ ಸುಳ್ಳುಗಳಿಗೆಲ್ಲ ನಾಲಗೆ ಹೊರಳಲಿಲ್ಲ. ಹುಡುಗ ಬೆರಳಿಟ್ಟು ಓದಿದ. ನಾಯಕ. ಐದು. ತೊಂಬತ್ತೊಂದು. ಬೆರಳು ಅಲ್ಲೇ ನಿಂತಿತು.

“ಓ, ಗ್ಲೆಬ್‌ದಾ” ಎಂದ. ಕಿವಿಯವರೆಗೂ ಕೆಂಪಾಗಿದ್ದ. “ಹಂಗಾದ್ರೆ ನಾನೇ ತಪ್ಪು ತಿಳ್ಕೊಂಡೆ ಅಜ್ಜಿ. ಬಿದ್ದಿದ್ದೆ ನೋಡಿ, ಯಾರ ಕೋಲಿಗೆ ತಾಗಿತೋ ಕಾಣಿಸ್ಲಿಲ್ಲ. ನೀವು ಬರೆದಿದೀರಲ್ಲ.”

“ರಿನಾತ್…”

“ಅಪ್ಪಂಗೆ ಹೇಳ್ತೀನಿ ಬಿಡಿ, ನಗ್ತಾರೆ ಅಷ್ಟೇ. ಚಳಿ ಒಳಗೆ ಬರುತ್ತೆ ಅಜ್ಜಿ” ಎಂದು ಕಿಂಡಿಯನ್ನು ತಾನೇ ಹುಷಾರಾಗಿ ಎಳೆದು ಮುಚ್ಚಿ ಹೋದ.

ಅವನು ಬೈದಿದ್ದರೆ, ಅತ್ತಿದ್ದರೆ, ತರಬೇತುದಾರನನ್ನು ಕರೆತಂದಿದ್ದರೆ ನಿನೆಲ್ ಮುಖ ಗಟ್ಟಿ ಮಾಡಿಕೊಂಡು ಕೂತಿರುತ್ತಿದ್ದಳೇನೋ. ತನ್ನ ಕೈ ಮಾಡಿದ ಕೆಲಸವನ್ನೇ ಹುಡುಗ ನಂಬದೆ ಅವಳ ಬರಹವನ್ನು ನಂಬಿಬಿಟ್ಟ. ಆ ದಿನದ ಆಟವನ್ನು ಅವಳು ಹೇಗೆ ಬರೆದಳೋ ಅವಳಿಗೇ ಗೊತ್ತಿಲ್ಲ. ಪ್ರತಿ ಅಂಕಿಯನ್ನೂ ಮೂರು ಸಲ ತಿದ್ದಿದಳು. ಗ್ಲೆಬ್ ಎರಡು ಗೋಲು ಹೊಡೆದ, ಅವು ನಿಜವಾದವು. ಅದೂ ಅವಳನ್ನು ಚುಚ್ಚಿತು. ಅವನಿಗೆ ಇವಳ ದಾನ ಬೇಕೇ ಇರಲಿಲ್ಲ.

ಭಾನುವಾರ ಬೆಳಿಗ್ಗೆ ನಾಲ್ಕನೇ ನಂಬರಿನ ಕೊನೆಯ ನಿಲ್ದಾಣಕ್ಕೆ ಹೋದಳು. ಬಸ್ಸು ಖಾಲಿ ನಿಂತಿತ್ತು. ವಾದಿಮ್ ಎಲೆಕೋಸಿನ ಕಡುಬು ತಿನ್ನುತ್ತಿದ್ದ. ಅವನ ಹಿಂದಿನ ಸೀಟಿನಲ್ಲಿ ಕೂತು, ಅವನ ಕುತ್ತಿಗೆ ನೋಡುತ್ತ ಎಲ್ಲವನ್ನೂ ಹೇಳಿದಳು. ಮುಖ ನೋಡಿ ಹೇಳುವ ಶಕ್ತಿ ಇರಲಿಲ್ಲ.

ವಾದಿಮ್ ಅಗಿಯುವುದು ನಿಲ್ಲಿಸಿದ.

“ಅವತ್ತೇ ಗ್ಲೆಬ್ ಬಂದು ಹೇಳಿದ” ಎಂದ. “‘ಮಾವ, ನಾನು ಬಿಲ್ಲೆ ಮುಟ್ಟೇ ಇಲ್ಲ’ ಅಂದ. ನಾನೇ ಗದರಿಸಿದೆ. ಪ್ರೊಖೊರೊವ್ನಾ ಬರೆದ ಮೇಲೆ ನೀನು ಮುಟ್ಟಿದೀಯ ಅಂತ ಅರ್ಥ, ಸುಮ್ನಿರು ಅಂದೆ.”

ನಿನೆಲ್ ಕೈಗವಸು ಬಿಚ್ಚಿ ಮತ್ತೆ ಹಾಕಿಕೊಂಡಳು.

“ಲೀಗಿಗೆ ಪತ್ರ ಬರೀಬೇಕು, ವಾದಿಮ್. ತಿದ್ದೋ ಗಡುವು ದಾಟಿದೆ. ಕಾರಣ ಬರೆದು ಕಳಿಸಿದ್ರೆ ಮಾತ್ರ ತಿದ್ದುತಾರೆ.”

“ಹನ್ನೆರಡು ಹೋಗುತ್ತಲ್ಲ!”

“ಹೋಗುತ್ತೆ. ಇರಲೇ ಇಲ್ಲ ಅದು.”

ಅವನು ತಲೆ ಕೆರೆದುಕೊಂಡ, ಬೈದುಕೊಂಡ, ಎದ್ದು ಬಸ್ಸಿನೊಳಗೇ ಎರಡು ಸಲ ಹಿಂದೆ ಮುಂದೆ ನಡೆದ. ಒಳ್ಳೆಯ ಮನುಷ್ಯ, ಕೋಪ ನಾಲ್ಕು ಹೆಜ್ಜೆಯಲ್ಲಿ ತೀರಿತು. ಬಂದು ಅವಳ ಪಕ್ಕದಲ್ಲೇ ಕೂತ.

“ನೋಡಿ, ಒಂದು ಮಾಡೋಣ. ಅವನು ಹತ್ತೊಂಬತ್ತು, ಇವನು ತೊಂಬತ್ತೊಂದು. ಅಂಕಿ ಹಿಂದುಮುಂದಾಯ್ತು ಅಂತ ಬರೆಯೋಣ. ಕಣ್ಣಿಗೆ ಪೊರೆ ಬಂದಿದೆ ಅಂತ. ಆಸ್ಪತ್ರೇಲಿ ನನ್ನ ನಾದಿನಿ ಇದಾಳೆ, ನಾಳೇನೇ ಚೀಟಿ ಬರೆಸ್ಕೊಂಡು ಬರ್ತೀನಿ. ಯಾರೂ ಒಂದು ಮಾತು ಆಡಲ್ಲ. ರಿನಾತ್‌ಗೆ ಅವನ ಪಾಸು ಸಿಗುತ್ತೆ, ನಿಮಗೆ ನಿಮ್ಮ ಮೇಜು ಉಳಿಯುತ್ತೆ. ಬೇಕು ಅಂತ ಬರೆದೆ ಅಂದ್ರೆ ಮಾತ್ರ ಆ ಗೂಡಿಗೆ ಮತ್ತೆ ಕಾಲಿಡಕ್ಕೆ ಬಿಡಲ್ಲ ಪ್ರೊಖೊರೊವ್ನಾ. ಪತ್ರ ನಾನೇ ಚೆಂದ ಮಾಡಿ ಬರೆದುಕೊಡ್ತೀನಿ, ನೀವು ಸಹಿ ಹಾಕಿದ್ರೆ ಸಾಕು.”

ನಿನೆಲ್ ಎದ್ದು ನಿಂತು ಕಂಬಿ ಹಿಡಿದುಕೊಂಡಳು.

“ನನ್ನ ಕಣ್ಣಿಗೆ ಏನೂ ಆಗಿಲ್ಲ, ವಾದಿಮ್. ಹತ್ತೊಂಬತ್ತು ಅಂತ ಕಂಡೇ ತೊಂಬತ್ತೊಂದು ಬರೆದೆ. ನಿನ್ನ ನಾದಿನಿ ಚೀಟೀನೂ ಬೇಡ, ನೀನು ಚೆಂದ ಮಾಡಿ ಬರೆಯೋದೂ ಬೇಡ, ಇದ್ದದ್ದನ್ನ ನಾನೇ ಬರೀತೀನಿ. ರಿನಾತ್ ಅಪ್ಪನ ನಂಬರ್ ಹುಡುಕಿ ನೀನು ಫೋನ್ ಮಾಡೀಯ ಮತ್ತೆ, ಅದನ್ನ ನಾನೇ ಮಾಡ್ಬೇಕು. ಬಾಗಿಲು ತೆಗಿ, ನಡ್ಕೊಂಡೇ ಹೋಗ್ತೀನಿ.”