ನೀಲಿ ಕಾರಿನ ಕೆನೆಬಣ್ಣದ ಬಾಗಿಲು

ಬೆಳಗಿನ ಆರೂ ಮುಕ್ಕಾಲು. ಹಳೆಯ ಕಾರುಗಳ ಶೆಡ್ಡಿನಲ್ಲಿ, ಕಪ್ಪು ಕಾರೊಂದರ ಹಿಂಬಾಗಿಲ ಪಕ್ಕ ಗೋಣಿಚೀಲ ಹಾಸಿಕೊಂಡು ಎಪ್ಪತ್ತೊಂದರ ಹಿರಿಯರೊಬ್ಬರು ಕುಳಿತಿದ್ದಾರೆ. ಒದ್ದೆ ಸ್ಯಾಂಡ್‌ಪೇಪರನ್ನು ಬೆರಳಿಗೆ ಸುತ್ತಿ, ಬಾಗಿಲಿನ ಅಂಚಿನಲ್ಲಿ ನಾಣ್ಯದಗಲ ಜಾಗವನ್ನು ಮೆಲ್ಲಗೆ ಉಜ್ಜುತ್ತಿದ್ದಾರೆ. ಎಳೆಬಿಸಿಲು ಓರೆಯಾಗಿ ಬೀಳುವ ಈ ಹೊತ್ತಿನಲ್ಲೇ ಬಣ್ಣಗಳ ಗೆರೆ ಬೇರೆಬೇರೆಯಾಗಿ ಕಾಣುವುದಂತೆ. ಕಪ್ಪಿನ ಕೆಳಗೆ ಕೆಂಪು, ಕೆಂಪಿನ ಕೆಳಗೆ ಬೂದು, ನಟ್ಟನಡುವೆ ಕೆನೆಬಣ್ಣ. ಒಂದರೊಳಗೊಂದು ಉಂಗುರ.

"ಒಂದೊಂದು ಉಂಗುರಾನೂ ಒಬ್ಬೊಬ್ಬ ಯಜಮಾನ," ಎನ್ನುತ್ತಾರೆ. "ಕಾರು ಕೊಂಡವರು ಮೊದಲು ಮಾಡೋ ಕೆಲ್ಸ ಬಣ್ಣ ಬದಲಾಯಿಸೋದು. ಹಳಬನ ಗುರುತು ಇರಬಾರ್ದಲ್ಲ!"

ಅದಕ್ಕೇ ಎಲ್ಲರ ಬಾಯಲ್ಲೂ ಇವರು ಉಂಗುರದಜ್ಜ. ಬೆರಳಲ್ಲಿ ಮಾತ್ರ ಉಂಗುರವಿಲ್ಲ. ಯಾವ ಸೋಪಿಗೂ ಜಗ್ಗದ ಬಣ್ಣದ ಕಲೆಗಳಿವೆ. ಮೂವತ್ತೇಳು ವರ್ಷ ವಾಹನಗಳಿಗೆ ಬಣ್ಣ ಹೊಡೆದವರು. ಸ್ಪ್ರೇಯ ಹೊಗೆಗೆ ಶ್ವಾಸಕೋಶ ಸೋತ ಮೇಲೆ ಈ ಕೆಲಸಕ್ಕೆ ಬಿದ್ದರು. ಈವರೆಗೆ ಅರವತ್ತಮೂರು ಹಳೆಯ ಕಾರುಗಳ ಹಿಂದಿನ ಯಜಮಾನರನ್ನು ಪತ್ತೆ ಮಾಡಿದ್ದಾರೆ. ಸಿಗದೇ ಹೋದವು ನಾಲ್ಕು. ಆ ನಾಲ್ಕನ್ನು ಹೇಳುವಾಗ ದನಿ ತಗ್ಗುತ್ತದೆ.

"ಕಂಡವರ ಕಾರಿನ ಕುಲಗೋತ್ರ ಎಲ್ಲಾ ಗೊತ್ತು ಇವರಿಗೆ. ನಮ್ಮನೆ ಗೋಡೆಗೆ ಬಣ್ಣ ಹೊಡೆದು ಹದಿನಾಲ್ಕು ವರ್ಷ ಆಯ್ತು, ಅದು ಗೊತ್ತಿಲ್ಲ," ಎಂದು ಅವರ ಹೆಂಡತಿ ಫ್ಲಾಸ್ಕಿನ ಜೊತೆಗೇ ಚುಚ್ಚುಮಾತನ್ನೂ ಕೊಟ್ಟು ಕಳಿಸುತ್ತಾರೆ.

ಇವತ್ತು ಅಜ್ಜನ ಪಕ್ಕ ಟೈಲರ್ ಒಬ್ಬಳು ಬಗ್ಗಿ ಅದೇ ಜಾಗವನ್ನು ನೋಡುತ್ತ ನಿಂತಿದ್ದಾಳೆ. ನಲವತ್ತೊಂದು ವರ್ಷದ ಹಿಂದೊಂದು ಮುಂಜಾನೆ, ಬಸ್ ಸ್ಟಾಪಿನಲ್ಲಿ ಹೆರಿಗೆ ನೋವಿನಿಂದ ಕುಸಿದಿದ್ದ ಅವಳ ಅಮ್ಮನನ್ನು ಯಾರೋ ಇದೇ ಕಾರಿನಲ್ಲಿ ಆಸ್ಪತ್ರೆಗೆ ಮುಟ್ಟಿಸಿ, ಹೆಸರೂ ಹೇಳದೆ ಹೊರಟುಹೋದರು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ತಾಯಿಯೂ ಇಲ್ಲ, ಮಗುವೂ ಇಲ್ಲ ಎಂದಿದ್ದರಂತೆ ಡಾಕ್ಟರು. ಆಮೇಲೆ ಬಂದ ಅವಳಪ್ಪ ಆಸ್ಪತ್ರೆಯ ಕಾವಲುಗಾರನನ್ನು ಕೇಳಿ ಚೀಟಿಯ ಹಿಂದೆ ಗೀಚಿಟ್ಟ ನಂಬರಿನಿಂದ ಕಾರು ಸಿಕ್ಕಿದೆ. ಆಗಿನ ಯಜಮಾನ ಸಿಕ್ಕಿಲ್ಲ. ಆ ಕಾಲದ ರಿಜಿಸ್ಟರು ಆರ್‌ಟಿಒ ಕಚೇರಿಯಲ್ಲಿ ನೀರು ಸೋರಿ, ಹಾಳೆಗಳು ಅಂಟಿಕೊಂಡು ಇಟ್ಟಿಗೆಯಂತಾಗಿದೆ. ದಾಖಲೆ ಇರುವುದು ಬೂದು ಬಣ್ಣದ ಯಜಮಾನನಿಂದ ಈಚೆಗೆ ಮಾತ್ರ. ಅಮ್ಮನಿಗೀಗ ಎಪ್ಪತ್ತಮೂರು. ಗುರುವಾರ ಹೃದಯದ ಆಪರೇಷನ್ ಎಂದು ನಿಗದಿಯಾಗಿದೆ. "ಆ ಪುಣ್ಯಾತ್ಮನಿಗೆ ಒಂದು ಮಾತು ಹೇಳದೆ ನಾನು ಟೇಬಲ್ ಹತ್ತಲ್ಲ" ಎಂದು ಅವರು ಹಟ ಹಿಡಿದಿದ್ದಾರೆ.

"ಕೆನೆಬಣ್ಣ! ಅಮ್ಮ ಹೇಳಿದ್ದೂ ಇದೇ ಅಜ್ಜ!" ಟೈಲರಮ್ಮನ ಕಣ್ಣು ತುಂಬಿದೆ. "ಆಗ ಔಷಧ ಕಂಪನಿ ಕಾರುಗಳೆಲ್ಲ ಈ ಬಣ್ಣದ್ದೇ ಇದ್ವಂತಲ್ಲ, ಅಲ್ಲಿಯವರೇ ಇರ್ಬೇಕು. ಈಗ್ಲೇ ಕಂಪನಿಗೆ ಹೋಗೋಣ್ವಾ?"

"ತಡಿ ತಾಯಿ," ಎನ್ನುತ್ತ ಅಜ್ಜ ಸ್ಟೂಲು ಎಳೆದುಕೊಂಡು ಕಾರಿನ ಚಾವಣಿಗೆ ಕೈಹಾಕುತ್ತಾರೆ. ಎಂಟು ವರ್ಷದ ಹಿಂದೆ ಹೀಗೆ ತಡೆಯದೆ ಹೋದದ್ದು ಅವರನ್ನು ಇನ್ನೂ ಕಾಡುತ್ತದೆ. ಆಗ ಬಾಗಿಲಿನ ಉಂಗುರವನ್ನಷ್ಟೇ ನಂಬಿ, ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬರನ್ನು ಕರೆತಂದು "ಇದೇ ನಿಮ್ಮವರ ಕಾರು" ಎಂದಿದ್ದರು. ಆಕೆ ಸ್ಟೀರಿಂಗ್ ತಬ್ಬಿಕೊಂಡು ಅತ್ತರು. ಆ ಬಾಗಿಲು ಗುಜರಿಯಿಂದ ತಂದು ಕೂರಿಸಿದ್ದು ಎಂದು ಗೊತ್ತಾದದ್ದು ವಾರ ಕಳೆದ ಮೇಲೆ. "ಹೋಗಿ ತಪ್ಪು ಒಪ್ಕೊಂಡೆ. ಆಯಮ್ಮ ಬೈಯಲಿಲ್ಲ. ಹೋಗ್ಲಿ ಬಿಡಿ, ಬಾಗಿಲಾದ್ರೂ ನಮ್ದೇ ಅಲ್ವಾ ಅಂದ್ರು. ಬೈದಿದ್ರೇ ವಾಸಿಯಿತ್ತು." ಅಂದಿನಿಂದ ಮೂರು ಕಡೆ ಉಜ್ಜದೆ ಅಜ್ಜ ಬಾಯಿ ಬಿಡುವುದಿಲ್ಲ.

ಚಾವಣಿಯ ಮೇಲೆ ಕಪ್ಪು, ಕೆಂಪು, ಬೂದು ಕಳೆದು ನೀಲಿ ಕಾಣುತ್ತದೆ. ಬಾನೆಟ್ಟಿನಲ್ಲೂ ನೀಲಿಯೇ. ಟೈಲರಮ್ಮನ ಮುಖ ಬಾಡುತ್ತದೆ. ಅಜ್ಜ ಮಾತ್ರ ನಗುತ್ತಿದ್ದಾರೆ. "ನೋವಲ್ಲಿದ್ದ ನಿಮ್ಮಮ್ಮನ್ನ ಹಿಂದಿನ ಸೀಟಿಗೆ ಹತ್ತಿಸಿದ್ರು. ಅವರಿಗೆ ಕಂಡಿದ್ದು ಈ ಬಾಗಿಲೊಂದೇ. ನೀಲಿ ಕಾರಿಗೆ ಕೆನೆಬಣ್ಣದ ಬಾಗಿಲು ಅಂದ್ರೆ ನೋಡಿದೋರು ಮರೀತಾರಾ?"

ಮರೆತಿಲ್ಲ. ಬಸ್ ಸ್ಟ್ಯಾಂಡಿನ ಮುದಿ ಪಂಕ್ಚರ್ ಅಂಗಡಿಯಾತ ಕೇಳಿದ್ದೇ ತಡ ಗಹಗಹಿಸುತ್ತಾನೆ: "ತೇಪೆ ಕಾರಾ? ನಮ್ಮ ಗಡಿಯಾರ ರಿಪೇರಿಯಣ್ಣಂದು! ಬಣ್ಣ ಹೊಡಿಸೋಕೆ ಜುಗ್ಗತನ ಮಾರಾಯ ಅವನಿಗೆ."

ಸಂಜೆ ಗಡಿಯಾರದವರ ಒಂಟಿ ಕೋಣೆ. ಗೋಡೆಯಲ್ಲಿ ಒಂಬತ್ತು ಗಡಿಯಾರ, ಒಂಬತ್ತರಲ್ಲೂ ಒಂದೇ ಸಮಯ. ಅಮ್ಮ ಮಗಳ ಭುಜ ಹಿಡಿದು ಹೊಸ್ತಿಲು ದಾಟಿ, ಕೈಮುಗಿಯುತ್ತಾರೆ. "ಅಣ್ಣಾ, ನಲವತ್ತೊಂದು ವರ್ಷ ತಡ ಮಾಡ್ಬಿಟ್ಟೆ."

ಬಸ್ ಸ್ಟಾಪು, ಹೆರಿಗೆ ಎಂದು ಅಜ್ಜ ನೆನಪಿಸುತ್ತಿದ್ದಂತೆ ಎಂಬತ್ತರ ಆ ಮುಖ ಅರಳುತ್ತದೆ. "ಅದೆಲ್ಲಾ ಇರ್ಲಿ ತಾಯಿ, ಹೆಣ್ಣೋ ಗಂಡೋ? ಫ್ಯಾಕ್ಟರಿ ಗಡಿಯಾರಕ್ಕೆ ಕೀ ಕೊಡೋ ಹೊತ್ತಾಗಿತ್ತು, ಇಳಿಸಿದವನೇ ಓಡಿದೆ. ಸಂಜೆ ಆಸ್ಪತ್ರೆಗೆ ಹೋಗಿ ಕೇಳಿದ್ರೆ, ಹೆಸರೇ ಗೊತ್ತಿಲ್ದೆ ಯಾರನ್ನಂತ ಹುಡುಕೋದು ಅಂತ ವಾಪಸ್ ಕಳಿಸಿದ್ರು. ಇವತ್ತಿನವರೆಗೂ ಗೊತ್ತಾಗ್ಲಿಲ್ಲ ನೋಡಿ."

ಅಮ್ಮ ಮಗಳನ್ನು ಮುಂದೆ ತಳ್ಳುತ್ತಾರೆ. ಕಿವಿಯ ಪಕ್ಕ ನರೆ ಇಣುಕುತ್ತಿರುವ ಟೈಲರಮ್ಮನನ್ನು ಗಡಿಯಾರದವರು ಮೇಲಿಂದ ಕೆಳಗೆ ನೋಡುತ್ತಾರೆ. "ಇಷ್ಟುದ್ದ ಆಗ್ಬಿಟ್ಯಾ ಮಗು!"

ಅಳುತ್ತ ನಗುತ್ತ ಅಮ್ಮ ಮಗಳಿಗೆ ಹೇಳುತ್ತಾರೆ: "ಡಾಕ್ಟ್ರಿಗೆ ಫೋನ್ ಮಾಡೇ. ಗುರುವಾರ ಬರ್ತೀವಿ ಅನ್ನು."

ಬಾಗಿಲಾಚೆಯೇ ನಿಂತಿದ್ದ ಉಂಗುರದಜ್ಜ ಆಗಲೇ ಚಪ್ಪಲಿ ಮೆಟ್ಟಿದ್ದಾರೆ. ಕಾರಿಗೆ ಈಗಿನ ಯಜಮಾನರು ಹೊಸ ಬಣ್ಣ ಹೊಡೆಸುತ್ತಿದ್ದಾರಂತೆ. ಬೇಸರವಿಲ್ಲವೇ ಎಂದು ಕೇಳಿದರೆ ನಗುತ್ತಾರೆ.

"ಹೊಡೀಲಿ ಬಿಡಿ, ಅವರ ಕಾರು. ಬಾಗಿಲ ಅಂಚಲ್ಲಿ ನಾಣ್ಯದಗಲ ಜಾಗ ಮಾತ್ರ ಹಾಗೇ ಬಿಡಿ ಅಂತ ಕೇಳ್ಕೊಂಡಿದೀನಿ. ಮುಂದೆ ಇನ್ಯಾರಾದ್ರೂ ಯಾರನ್ನಾದ್ರೂ ಹುಡುಕ್ಕೊಂಡು ಬಂದ್ರೆ ಬೇಕಾಗುತ್ತೆ."

ಅವರು ಒಪ್ಪಿದರೇ?

"ಹೂಂ ಅಂದಿದಾರೆ," ಎನ್ನುತ್ತಾರೆ ಅಜ್ಜ. "ಆದ್ರೂ ಬಣ್ಣ ಒಣಗೋವರೆಗೂ ದಿನಾ ಹೋಗಿ ಪಕ್ಕದಲ್ಲೇ ಕೂತಿರ್ತೀನಿ."