ಉಡಿಯೊಳಗಿನ ಬೆಲ್ಲ

ಮಗ ಈರಣ್ಣ ಹೋದ ಮೇಲೆ ನಾನೂ ನನ್ನ ಹೆಂಡತಿ ಗಂಗವ್ವನೂ ಒಂದು ಕಡೆ ಕೂಡುವುದನ್ನೇ ಮರೆತಿದ್ದೆವು. ಮಿಲ್ಲಿನ ಪಾಳಿ ಮುಗಿಸಿ ಬಂದವನು ಚಹಾ ಕುಡಿಯುವಷ್ಟು ಹೊತ್ತೂ ಮನೆಯಲ್ಲಿ ನಿಲ್ಲದೆ ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದೆ. ಕುಂಬಾರವಾಡದ ಕಡೆಯಿಂದ ಬಸ್ಸು ಬರುವ ತನಕ ನಿಂತು, ಇಳಿದವರ ಮುಖಗಳನ್ನೆಲ್ಲ ನೋಡಿ ತಿರುಗಿ ಬರುತ್ತಿದ್ದೆ. ಗಂಗವ್ವ ತೊಳೆದ ಚರಿಗೆಯನ್ನೇ ಮತ್ತೆ ತೊಳೆಯುವಳು. ಬಾಗಿಲ ತನಕ ಹೋಗುವಳು, ಮರಳುವಳು, ಸೆರಗಿನ ತುದಿಯನ್ನು ಹುರಿ ಮಾಡುವಳು, ಬಿಚ್ಚುವಳು.

ದ್ಯಾಮವ್ವ ತಾಯಿಯನ್ನು ನಂಬಿದ ಅಕ್ಕತಂಗಿಯರೆ, ಅಣ್ಣತಮ್ಮಂದಿರೆ, ನಾನು ಏಳನೆಯ ಇಯತ್ತೆ ಕಲಿತವನು. ಬರೆದು ರೂಢಿಯಿಲ್ಲ. ಆದರೂ ಆ ತಾಯಿ ನಮ್ಮ ಮನೆಯಲ್ಲಿ ಮಾಡಿದ್ದನ್ನು ನಾಲ್ಕು ಜನರಿಗೆ ಹೇಳದೆ ಇರಲಾರೆ.

ನಾವು ಧಾರವಾಡ ಸೀಮೆಯವರು. ಐವತ್ತೆಂಟನೆಯ ಇಸವಿಯಲ್ಲಿ ಕೆಲಸ ಹುಡುಕಿಕೊಂಡು ದಾಂಡೇಲಿಗೆ ಬಂದೆವು, ನನಗೆ ಕಾಗದದ ಮಿಲ್ಲಿನಲ್ಲಿ ಕೆಲಸ ಸಿಕ್ಕಿತು. ಈರಣ್ಣ ದೊಡ್ಡವನಾದ ಮೇಲೆ ಕಾಡಿನಿಂದ ಬಿದಿರು ತರುವ ಲಾರಿಯ ಮೇಲೆ ದುಡಿಯತೊಡಗಿದ. ಒಂದು ಬೇಸಿಗೆಯಲ್ಲಿ, ಇನ್ನೇನು ಮಳೆ ಹಿಡಿಯಬೇಕು ಅನ್ನುವಾಗ, ಕುಂಬಾರವಾಡದ ಇಳಿಜಾರಿನಲ್ಲಿ ಲಾರಿ ಮಗುಚಿತು. ಅವನನ್ನು ಮನೆಗೆ ತಂದಾಗ ಜೀವ ಇರಲಿಲ್ಲ. ಅಂದು ನನಗೆ ಸೂಟಿ. ಲಾರಿ ನಸುಕಿಗೇ ಹೊರಟಿತ್ತು, ನಾವಿಬ್ಬರೂ ಮಲಗಿದ್ದೆವು. ಅವನು ಏನೂ ಹೇಳದೆ ಹೋಗಿದ್ದ. ನಮ್ಮಿಬ್ಬರನ್ನೂ ಕಾಡಿದ್ದು ಅದೇ. ಒಂದು ಮಾತು, ಯಾವುದಾದರೂ ಒಂದು ಮಾತು ಆಡಿ ಹೋಗಿದ್ದರೆ.

ಗಂಗವ್ವನಿಗೆ ಅದಕ್ಕೂ ಎರಡು ವರ್ಷ ಮೊದಲೇ ಸಕ್ಕರೆ ರೋಗ ಗೊತ್ತಾಗಿತ್ತು. ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಉಚ್ಚೆಯನ್ನು ನೀಲಿ ಔಷಧದ ಜೊತೆ ಕಾಯಿಸಿದರು. ಅದು ಇಟ್ಟಂಗಿಯ ಬಣ್ಣಕ್ಕೆ ತಿರುಗಿತು. ಅಂದಿನಿಂದ ದಿನಾ ಮುಂಜಾನೆ ಇಲ್ಲಿನ ದವಾಖಾನೆಯಲ್ಲಿ ಇನ್ಸುಲಿನ್ ಸೂಜಿ. ಮಾಡುವವರು ರುಕ್ಮಿಣಿಬಾಯಿ, ಜೋಯಿಡಾ ಕಡೆಯವರು. ನಾವೆಲ್ಲ ನರ್ಸಬಾಯಾರು ಅನ್ನುತ್ತಿದ್ದೆವು. ಮೊದಲ ದಿನವೇ ಅವರು ತಾಯಿ ಮಗನನ್ನು ಎದುರಿಗೆ ಕೂಡಿಸಿಕೊಂಡು ಹೇಳಿದ್ದರು: "ಸೂಜಿ ಆದಮ್ಯಾಲ ಹೊಟ್ಟಿಗೆ ಬೀಳಲೇಬೇಕು. ಸೂಜಿ ಒಳಗ ಹೋಗಿ ಸಕ್ಕರಿ ಇಳಸ್ತೈತಿ. ಉಣ್ಣಲಿಲ್ಲ ಅಂದ್ರ ಇಳೀಬಾರದಷ್ಟು ಇಳೀತೈತಿ."

ಈರಣ್ಣ ಅದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದ. ಲಾರಿ ಹತ್ತುವ ಮೊದಲು ಅವಳನ್ನು ಸೂಜಿಗೆ ಕರೆದೊಯ್ದು, ಮನೆಗೆ ಬಿಟ್ಟು, ಬಾಗಿಲಲ್ಲೇ ನಿಂತು ಕೇಳುವನು: "ಉಂಡೀ ಏನಬೇ?" ಅವಳು ರೊಟ್ಟಿ ಮುರಿದು ಬಾಯಿಗೆ ಇಡುವ ತನಕ ಮತ್ತೆ ಮತ್ತೆ ಅದೇ. "ಉಂಡೀ ಏನಬೇ?" "ಉಣ್ಣಾಕತ್ತೇನಲ್ಲೋ, ಹೋಗೋ ಮಾರಾಯಾ," ಎಂದು ಬೈಸಿಕೊಂಡೇ ಓಡುತ್ತಿದ್ದ.

ಅವನು ಹೋದ ಮೇಲೆ ಅವಳು ಒಬ್ಬಳೇ ಸೂಜಿಗೆ ಹೋಗುತ್ತಿದ್ದಳು. ನನ್ನದು ಮುಂಜಾನೆಯ ಪಾಳಿ.

ಶ್ರಾವಣ ಬಂತು. ನಮ್ಮ ಓಣಿಯ ಹಿರಿಯಳು ಕಲ್ಲವ್ವಾಯಿ. ಸಾಂಬ್ರಾಣಿಯ ಕಡೆಯಿಂದ ಬಂದ ವಿಧವೆ, ದ್ಯಾಮವ್ವನ ಭಕ್ತೆ, ಮನಸ್ಸಿನಲ್ಲಿ ಕಪಟವಿಲ್ಲದವಳು. ಅವಳು ಗಂಗವ್ವನಿಗೆ ಹೇಳಿದಳು: "ಶುಕ್ರವಾರ ಒಪ್ಪತ್ತು ಹಿಡಿ. ಸಂಜಿ ತನಕ ನೀರು ಬಿಟ್ರ ಏನೂ ಮುಟ್ಟಬ್ಯಾಡ. ತಾಯಿ ಮೈಮ್ಯಾಲ ಬಂದ್ರ ಮಗನ ಸುದ್ದಿ ಕೇಳೂಣು." ಇದು ನನಗೆ ಗೊತ್ತಿರಲಿಲ್ಲ. ನಾನೂ ಅದೇ ತಾಯಿಗೆ ಅದನ್ನೇ ಬೇಡುತ್ತಿದ್ದೆ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಮಿಲ್ಲಿಗೆ ಹೋಗುವಾಗ, ಬರುವಾಗ, ಯಂತ್ರದ ಮುಂದೆ ನಿಂತಾಗ ಕೂಡ ಒಂದೇ ಬೇಡಿಕೆ: ತಾಯೀ, ಅವನ ಒಂದು ಮಾತು ಕೇಳಿಸು.

ಆ ಶುಕ್ರವಾರ ಪಾಳಿ ಮುಗಿಸಿ ಬರುವಾಗ ಜಿಟಿಜಿಟಿ ಮಳೆ. ನಮ್ಮ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಊದಿನಕಡ್ಡಿಯ ಹೊಗೆ. ಗಂಗವ್ವ ದೇವರ ಗೂಡಿನ ಮುಂದೆ ಕೂತು ನಡುಗುತ್ತಿದ್ದಳು. ಕುಪ್ಪಸ ಬೆವರಿನಿಂದ ತೊಯ್ದು ಬೆನ್ನಿಗೆ ಅಂಟಿತ್ತು. ಕಣ್ಣು ತೆರೆದಿದ್ದವು, ಯಾರನ್ನೂ ನೋಡುತ್ತಿರಲಿಲ್ಲ. ಹಿಡಿಯಲು ಹೋದವರ ಕೈಯನ್ನು ಝಾಡಿಸುತ್ತಿದ್ದಳು. ಹೆಂಗಸರು ಅವಳ ಮಡಿಲಿಗೆ ಉಡಿ ತುಂಬಿದ್ದರು: ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಎಲೆ ಅಡಿಕೆ, ಬೆಲ್ಲದ ತುಂಡು.

"ಬಾ ಶಿವಪ್ಪಾ, ಬಾ," ಎಂದಳು ಕಲ್ಲವ್ವಾಯಿ. "ತಾಯಿ ಬಂದಾಳ. ಒಬ್ಬಾಕಿನ ಬಂದಿಲ್ಲ, ನಿನ್ನ ಮಗನ್ನ ಕರಕೊಂಡ ಬಂದಾಳ."

ಹಿಂದೆ ಕೂತಿದ್ದ ಒಬ್ಬಳು, "ಅವರದಾದ ಮ್ಯಾಲ ನಂದೊಂದು ಕೇಳ್ರಿ, ನಮ್ಮ ಎಮ್ಮಿ ಯಾವಾಗ ಈಯ್ತೈತಿ ಅಂತ," ಎಂದಳು.

"ಸುಮ್ಮನಿರ ಎಮ್ಮಿ," ಎಂದು ಕಲ್ಲವ್ವಾಯಿ ಗದರಿದಳು.

ಆಗ ಗಂಗವ್ವನ ಬಾಯಿಯಿಂದ ಮತ್ತೆ ಮಾತು ಬಂತು. ನಾಲಿಗೆ ತೊದಲುತ್ತಿತ್ತು, ದನಿ ಒಡೆದಿತ್ತು, ಆದರೂ ಮಾತು ಸ್ಪಷ್ಟ. "ಉಂಡೀ ಏನಬೇ... ಉಂಡೀ ಏನಬೇ..."

ಹೊಸ್ತಿಲಲ್ಲಿ ನಿಂತಿದ್ದವನು ಒಳಗೆ ನುಗ್ಗಿದೆ. ಅದು ಈರಣ್ಣನ ಮಾತು. ಓಣಿಗೆಲ್ಲ ಅದು ಗೊತ್ತಿತ್ತು. ಹೆಂಗಸರು ಹೋ ಎಂದು ಅತ್ತರು.

"ಕೇಳ," ಎಂದಳು ಕಲ್ಲವ್ವಾಯಿ. "ಏನ ಕೇಳೂದೈತಿ ಈಗ ಕೇಳ."

ನಾನು ಕೇಳಿದೆ. "ಈರ್ಯಾ, ಭಾಳ ನೋವಾತೇನೋ?"

ಗಂಗವ್ವನ ತುಟಿ ಅಲ್ಲಾಡಿದವು. ಅದೇ ಹೊತ್ತಿಗೆ ಬಾಗಿಲಲ್ಲಿ ಕೊಡೆ ಮಡಚಿದ ಸಪ್ಪಳ. ತೊಯ್ದ ಬಿಳಿ ಸೀರೆಯಲ್ಲಿ ರುಕ್ಮಿಣಿಬಾಯಿ ನಿಂತಿದ್ದರು. ಯಾರೂ ಅವರನ್ನು ಕರೆದಿರಲಿಲ್ಲ.

ಅವರು ಹೆಂಗಸರನ್ನು ಬದಿಗೆ ಸರಿಸಿದರು. ನೇರ ಬಂದು ಗಂಗವ್ವನ ಹಣೆಗೆ ಅಂಗೈ ಇಟ್ಟರು, ಕುತ್ತಿಗೆ ಮುಟ್ಟಿದರು, ನಾಡಿ ಹಿಡಿದರು. ಮುಖದ ಹತ್ತಿರ ಬಗ್ಗಿ ಉಸಿರಿನ ವಾಸನೆ ನೋಡಿದರು. "ಮೈ ತಣ್ಣಗೈತಿ. ನಾಡಿ ಓಡಾಕತ್ತೈತಿ. ಮುಂಜಾನೆಯಿಂದ ಏನ ತಿಂದಾಳು?"

"ಒಪ್ಪತ್ತಲ್ರೀ," ಎಂದರು ಯಾರೋ.

"ನರ್ಸಬಾಯಾರ, ಸ್ವಲ್ಪ ತಡೀರಿ," ಎಂದೆ ನಾನು. "ಹುಡುಗ ಮಾತಾಡಾಕತ್ತಾನ."

ಅವರು ನನ್ನ ಕಡೆ ನೋಡಿದರು. ಬಯ್ಯುತ್ತಾರೆ ಅಂದುಕೊಂಡೆ, ಬಯ್ಯಲಿಲ್ಲ. ಮೆಲ್ಲಗೆ ಅಂದರು: "ಶಿವಪ್ಪಣ್ಣಾರ, ಮಗನ ಮಾತು ಕೇಳಾಕ ಕುಂತ್ರ ಹೆಂಡತಿ ಮಾತೂ ನಿಂತು ಹೋಕ್ಕೈತಿ. ಸಿಹಿ ಬೇಕು, ಈಗಿಂದೀಗ." ಅವರ ಕಣ್ಣು ಗಂಗವ್ವನ ಮಡಿಲಿಗೆ ಬಿತ್ತು. "ಆ ಬೆಲ್ಲ ತಗೀರಿ."

"ಬೆಲ್ಲ ವಿಷ ಅಂದವ್ರು ನೀವ ಅಲ್ರೀ?" ಎಂದೆ.

"ದಿನಾ ವಿಷ. ಇವತ್ತಲ್ಲ. ಇದು ಸಕ್ಕರಿ ಇಳಿದದ್ದು ಅಂತ ನನಗ ಅನಸ್ತೈತಿ. ನಂದು ತಪ್ಪಾಗಿ ಏರಿದ್ದ ಇದ್ರ, ಈ ಒಂದು ತುಂಡಿನಿಂದ ಭಾಳ ಏನೂ ಕೆಡೂದಿಲ್ಲ. ಇಳಿದಿದ್ರ ಮಾತ್ರ ಕಾಯಾಕ ಹೊತ್ತಿಲ್ಲ."

ಕಲ್ಲವ್ವಾಯಿ ಅಡ್ಡ ಬಂದಳು. "ಉಡಿಗೆ ಕೈ ಹಾಕಬ್ಯಾಡ್ರಿ ಬಾಯಾರ. ತಾಯಿ ಇನ್ನಾ ಇಳಿದಿಲ್ಲ."

"ಆಯೀ, ಇದು ಯಾರ ಉಡಿ?"

"ದ್ಯಾಮವ್ವಂದು."

"ಹಂಗಾರ ದ್ಯಾಮವ್ವಗ ನಾವ ತಿನಸೂಣು. ಉಪಾಸ ಕೂಡಿಸಿ ಮಾತು ಕೇಳೂದು ಯಾವ ಪದ್ಧತಿ? ನೀವ ಹಿರ್ಯಾರು, ನೀವ ತಗದು ಕೊಡ್ರಿ."

ಕಲ್ಲವ್ವಾಯಿ ದೇವರ ಗೂಡಿನ ಕಡೆ ನೋಡಿದಳು. ಆಮೇಲೆ ಕೈಮುಗಿದು ಗಂಗವ್ವನ ಮಡಿಲಿನಿಂದ ಬೆಲ್ಲದ ತುಂಡು ತೆಗೆದು ನನ್ನ ಕೈಯಲ್ಲಿ ಇಟ್ಟಳು. ಅದನ್ನು ಜಜ್ಜಿ ನೀರಿನಲ್ಲಿ ಕರಗಿಸಬೇಕಾದವನು ನಾನು. ಗಂಗವ್ವ ಇನ್ನೂ ಗೊಣಗುತ್ತಿದ್ದಳು, "ಉಂಡೀ ಏನಬೇ..." ಈ ಬೆಲ್ಲ ಒಳಗೆ ಹೋದರೆ ಆ ದನಿ ನಿಲ್ಲುತ್ತದೆ ಎಂದು ನನಗೆ ಗೊತ್ತಾಗಿತ್ತು. ಕಲ್ಲು ಬೆಲ್ಲದ ಬದಲು ಬೆರಳಿನ ಮೇಲೆ ಬಿತ್ತು. ಆದರೂ ಜಜ್ಜಿದೆ.

ರುಕ್ಮಿಣಿಬಾಯಿ ಅವಳನ್ನು ತಮ್ಮ ಎದೆಗೆ ಆನಿಸಿ ಕೂಡಿಸಿಕೊಂಡರು. ನಾನು ಲೋಟವನ್ನೇ ಬಾಯಿಗೆ ಹಿಡಿಯಲು ಹೋದೆ. "ಸುರೀಬ್ಯಾಡ್ರಿ, ಉಸರಿನ ದಾರಿಗೆ ಹೋದೀತು," ಎಂದು ತಡೆದು ಚಮಚ ಕೇಳಿದರು. ಒಂದೊಂದೇ ಚಮಚ. ಗಂಟಲಿಗೆ ಬೆರಳು ಇಟ್ಟುಕೊಂಡು, ನುಂಗಿದಳು ಎಂದು ಗೊತ್ತಾದ ಮೇಲೆಯೇ ಇನ್ನೊಂದು. ನಡುವೆ ಅವಳು ಹಲ್ಲು ಕಚ್ಚಿದಳು, ಕಣ್ಣು ಮೇಲಾದವು, ಕೈಕಾಲು ಸಡಿಲಾದವು. ನರ್ಸಬಾಯಾರು ತಕ್ಷಣ ಅವಳನ್ನು ಮಗ್ಗುಲಿಗೆ ಮಲಗಿಸಿ, ಚಮಚ ಬದಿಗಿಟ್ಟು, ಮೆತ್ತಗಾದ ಬೆಲ್ಲವನ್ನು ಬೆರಳಿನಿಂದ ಅವಳ ಕೆನ್ನೆಯ ಒಳಗೆ ಸವರಿ ಉಜ್ಜತೊಡಗಿದರು. "ಗ್ಲೂಕೋಸಿನ ಸೂಜಿ ಬೇಕಾದೀತು, ಗಾಡಿ ತರಿಸ್ರಿ," ಎಂದರು. ಒಬ್ಬ ಹುಡುಗಿ ಮಳೆಯಲ್ಲಿ ಓಡಿದಳು.

ಆ ಮನೆಯಲ್ಲಿ ಈಗ ಯಾವ ದನಿಯೂ ಇರಲಿಲ್ಲ. ಮಗನದೂ ಇಲ್ಲ, ಅವಳದೂ ಇಲ್ಲ. ಆಗ ನನ್ನ ಬೇಡಿಕೆ ತಾನೇ ಬದಲಾಯಿತು. ನಾನು ಬದಲಿಸಿದ್ದಲ್ಲ. ತಾಯೀ, ಅವನ ಮಾತು ಬೇಡ. ಇವಳನ್ನು ಕೊಡು. ಇಷ್ಟೇ.

ಎಷ್ಟು ಹೊತ್ತಾಯಿತೋ. ಗಂಗವ್ವ ಗುಟುಕು ನುಂಗಿದಳು. ನರ್ಸಬಾಯಾರು ಮತ್ತೆ ಚಮಚ ಎತ್ತಿಕೊಂಡರು. ಬೆವರು ಆರಿತು. ಅವಳು ಮಡಿಲನ್ನು ನೋಡಿಕೊಂಡು, ನೆರೆದವರನ್ನು ನೋಡಿ, ಸೆರಗು ಸರಿಮಾಡಿಕೊಂಡು ಅಂದಳು: "ಇಷ್ಟ ಮಂದಿ ಯಾಕ ಕೂಡೀರಿ? ನನಗ್ಯಾಕ ಉಡಿ ತುಂಬೀರಿ?" ಆಮೇಲೆ ನನಗೆ, "ಪಾಳಿ ಮುಗೀತೇನ್ರೀ? ಕೈಗೇನಾತು, ರಕ್ತ ಬಂದೈತಲ್ಲ?"

"ತಾಯಿ ಹೋದ್ಳು," ಎಂದಳು ಎಮ್ಮೆಯ ಹೆಂಗಸು, ಬೇಜಾರಿನಿಂದ.

"ಎಲ್ಲಿಗೂ ಹೋಗಿಲ್ಲ," ಎಂದಳು ಕಲ್ಲವ್ವಾಯಿ. "ನೀ ನಿನ್ನ ಎಮ್ಮೀನ ಕೇಳ ಹೋಗ."

ಗಾಡಿ ಬಂತು. ಅದಕ್ಕೂ ಮುಂಚೆ ನರ್ಸಬಾಯಾರು ಅವಳಿಗೆ ಒಂದು ರೊಟ್ಟಿ ತಿನ್ನಿಸಿದರು. ಮುಂಜಾನೆಯ ಸೂಜಿ ಇನ್ನೂ ಕೆಲಸ ಮಾಡುತ್ತದೆ, ಬೆಲ್ಲ ಬೇಗ ತೀರುತ್ತದೆ, ಸಕ್ಕರೆ ಮತ್ತೆ ಇಳಿಯಬಹುದು, ಅದಕ್ಕೆ ನಾಳೆಯ ತನಕ ದವಾಖಾನೆಯಲ್ಲೇ ಇರಲಿ ಎಂದರು. ಡಾಕ್ಟರರೂ ನೋಡಿ ಅದನ್ನೇ ಹೇಳಿದರು, ಸೂಜಿಯ ಅಳತೆ ಕಡಿಮೆ ಮಾಡಿದರು.

ಕರೆಯದೆ ಹೇಗೆ ಬಂದಿರಿ ಎಂದು ಅಲ್ಲಿ ಕೇಳಿದೆ. ಅವರು ಗಾಜಿನ ಸಿರಿಂಜು ಕುದಿಯಲು ಇಡುತ್ತ ಹೇಳಿದರು: "ಮುಂಜಾನೆ ಗಂಗವ್ವ ತಲಿ ಮ್ಯಾಲ ನೀರು ಹಾಕ್ಕೊಂಡ ಬಂದಿದ್ಲು, ಹಣಿ ತುಂಬ ಕುಂಕುಮ. ಮನ್ಯಾಗ ಏನ ಅಡಗಿ ಅಂದ್ರ ದಿನಾ ಪಲ್ಯಾದ ಹೆಸರ ಹೇಳಾಕಿ. ಇವತ್ತ ಬರೇ ಹ್ಞೂಂ ಅಂದ್ಲು. ಆಕಿ ಹೋದ ಮ್ಯಾಲ ತಲಿಗೆ ಬಂತು, ಇವತ್ತ ಉಪಾಸ ಇದ್ದಾಳು ಅಂತ. ಕೈ ಇಲ್ಲಿ ಕೆಲಸ ಮಾಡಾಕತ್ತಿತ್ತು, ಮನಸ ನಿಮ್ಮ ಓಣ್ಯಾಗ. ಕುಂತಲ್ಲಿ ಕುಂದರಾಕ ಆಗಲಿಲ್ಲ. ಪಾಳಿ ಬಿಟ್ಟ ಕೂಡ್ಲೆ ಬಂದೆ."

ಕುಂತಲ್ಲಿ ಕೂಡಲಾಗದ ಆ ತಳಮಳ ನನಗೆ ಚೆನ್ನಾಗಿ ಗೊತ್ತಿತ್ತು. ನನ್ನನ್ನು ಅದು ಖಾಲಿ ಬಸ್ ಸ್ಟ್ಯಾಂಡಿಗೆ ಒಯ್ಯುತ್ತಿತ್ತು. ಅವರನ್ನು ಅದು ನಮ್ಮ ಮನೆಗೆ ತಂದಿತು. ತಂದವಳು ಯಾರೆಂದು ನನಗೆ ಸಂಶಯವಿಲ್ಲ.

ಅವರು ವ್ರತ ಬಿಡಿ ಎನ್ನಲಿಲ್ಲ. "ಶುಕ್ರವಾರ ತಾಯಿಗೆ ಬ್ಯಾರೆ ಏನರೆ ಬಿಡು ಗಂಗವ್ವ, ಊಟ ಬಿಡಬ್ಯಾಡ. ಬಿಡೂ ಮನಸಾದ್ರ ನನಗ ಮೊದಲ ಹೇಳು, ಸಿಟ್ಟಾಗೂದಿಲ್ಲ," ಎಂದರು. ಕಲ್ಲವ್ವಾಯಿಗೆ ನಡುಕ, ತಣ್ಣನೆಯ ಬೆವರು, ತೊದಲು ಮಾತು, ಈ ಗುರುತುಗಳನ್ನು ಹೇಳಿಕೊಟ್ಟರು. ಈಗ ಗಂಗವ್ವನ ಸೆರಗಿನ ಗಂಟಿನಲ್ಲಿ ದಿನವೂ ಬೆಲ್ಲ ಇರುತ್ತದೆ. ಕಟ್ಟುವವಳು ಕಲ್ಲವ್ವಾಯಿ. "ಮೊದಲ ಬೆಲ್ಲ, ಆಮ್ಯಾಲ ಉಡಿ," ಎಂದು ಓಣಿಗೆಲ್ಲ ಹೇಳುತ್ತಾಳೆ.

ಆ ದಿನ ತಾಯಿ ಬಂದಿರಲಿಲ್ಲ ಎನ್ನುವವರಿದ್ದಾರೆ. ನನಗೆ ಗೊತ್ತಿರುವುದು ಇಷ್ಟು: ಅವಳ ಹೆಸರಿನಲ್ಲಿ ತುಂಬಿದ ಉಡಿಯಲ್ಲಿ ಬೆಲ್ಲವಿತ್ತು. ಅದನ್ನು ಗುರುತಿಸುವ ಕಣ್ಣು ಮಳೆಯಲ್ಲಿ ನಡೆದು ಬಂತು.

ಈರಣ್ಣನ ದುಃಖ ಹೋಗಿಲ್ಲ. ನೋವಾಯಿತೇ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ, ಇನ್ನು ಬರುವುದೂ ಇಲ್ಲ. ನಾನು ಸಂಜೆಯ ಪಾಳಿ ಕೇಳಿ ಪಡೆದುಕೊಂಡೆ. ಮುಂಜಾನೆ ಅವಳನ್ನು ಸೂಜಿಗೆ ನಾನೇ ಕರೆದೊಯ್ಯುತ್ತೇನೆ. ಮರಳಿ ಬಂದು ಬಾಗಿಲಲ್ಲಿ ನಿಂತು ಕೇಳುತ್ತೇನೆ. ಮೊದಲ ದಿನ ಆ ಮಾತು ನನ್ನ ಬಾಯಿಂದ ಬಂದಾಗ ಇಬ್ಬರೂ ಅತ್ತೆವು. ಈಗ ಅಳುವುದಿಲ್ಲ.

ನಿನ್ನೆಯೂ ಕೇಳಿದೆ, "ಉಂಡೀ ಏನ?"

ಅವಳು ರೊಟ್ಟಿ ಮುರಿಯುತ್ತಿದ್ದಳು. ತಲೆ ಎತ್ತಿ ನನ್ನನ್ನು ನೋಡಿ, "ನಾ ಉಣ್ಣಾಕತ್ತೇನಿ. ನೀವು?" ಎಂದಳು.

ತಾಯೀ, ನಿನ್ನ ಪಾದಕ್ಕೆ ಶರಣು. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಅವಳ ಎದುರಿಗೆ ಕೂತೆ.