ಕೋಲಾಟದವರನ್ನು ಬೆಟ್ಟ ಹತ್ತಿಸಿದವಳು

ಗಂಗಲಕ್ಷ್ಮಮ್ಮನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಲು ನನ್ನನ್ನು ಬಿಟ್ಟು ಬೇರೆ ಯಾರನ್ನು ಕೇಳಿದ್ದರೂ ಚೆನ್ನಾಗಿತ್ತು. ನಮ್ಮ ಕೋಲಾಟದ ತಂಡಕ್ಕೆ ಹತ್ತು ವರ್ಷ ತುಂಬಿದ್ದಕ್ಕೆ ಒಂದು ಪುಸ್ತಿಕೆ ತರುತ್ತಾರಂತೆ, ಒಬ್ಬೊಬ್ಬರ ಬಗ್ಗೆ ಇನ್ನೊಬ್ಬರು ಬರೆಯಬೇಕಂತೆ. ಚೀಟಿ ಎತ್ತಿದಾಗ ನನ್ನ ಕೈಗೆ ಬಂದದ್ದು ಇವಳ ಹೆಸರು. ಮಡಚಿ ಮತ್ತೆ ಡಬ್ಬಿಗೆ ಹಾಕಿಬಿಡೋಣ ಎಂದುಕೊಂಡೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಇವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಪುಸ್ತಿಕೆಯವರು ಈ ಸಾಲನ್ನು ಹೊಡೆದು ಹಾಕುವುದಾದರೆ ಹಾಕಲಿ.

ನಾನು ಲಕ್ಷ್ಮೀದೇವಮ್ಮ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ದೇವಮ್ಮಕ್ಕ ಅಂದರೆ ಯಾರಾದರೂ ಮನೆ ತೋರಿಸುತ್ತಾರೆ. ಈ ತಂಡ ಕಟ್ಟಿದವಳು ನಾನು. ನನ್ನನ್ನೂ ಸೇರಿಸಿ ಹತ್ತು ಹೆಂಗಸರು, ಅಂದರೆ ಐದು ಜೋಡಿ. ಭಾನುವಾರ ಬೆಳಿಗ್ಗೆ ಸಮುದಾಯ ಭವನದಲ್ಲಿ ಅಭ್ಯಾಸ. ಕೋಲಾಟಕ್ಕೆ ಹೆಜ್ಜೆ ಕೂಗುವವಳೊಬ್ಬಳು ಬೇಕು. ‘ಎಡಕ್ಕೆ’, ‘ಬಲಕ್ಕೆ’, ‘ಒಳಗೆ’, ‘ತಿರುಗಿ’ ಎಂದು ಹಾಡಿನ ನಡುವೆಯೇ ಕೂಗುತ್ತಿರಬೇಕು. ಆ ದನಿ ಕಿವಿಗೆ ಬಿದ್ದ ಕೂಡಲೇ ಕಾಲು ಹೋಗಿಬಿಡಬೇಕು. ಯೋಚನೆ ಮಾಡುತ್ತಾ ನಿಂತರೆ ಎದುರಿನವಳ ಕೋಲು ಬೆರಳ ಮೇಲೆ ಬೀಳುತ್ತದೆ. ಹತ್ತು ವರ್ಷ ನಾನು ಕೂಗಿದ್ದೇನೆ, ಅವರು ಹೋಗಿದ್ದಾರೆ. ಮನೆಯಲ್ಲಿ ನನ್ನ ಮಾತಿಗೆ ಬೆಕ್ಕು ಕೂಡ ಜಾಗ ಬಿಟ್ಟು ಏಳುವುದಿಲ್ಲ. ಆ ಭವನದಲ್ಲಿ ಮಾತ್ರ ನನ್ನ ಒಂದು ಶಬ್ದಕ್ಕೆ ಹದಿನೆಂಟು ಕಾಲುಗಳು ಚಲಿಸುತ್ತಿದ್ದವು. ನನಗಿದ್ದದ್ದು ಅದೊಂದೇ.

ಹದಿನೆಂಟರಲ್ಲಿ ಎರಡು ಕಾಲು ಯಾವಾಗಲೂ ಅರ್ಧ ತಾಳ ತಡ. ಅವು ಗಂಗಲಕ್ಷ್ಮಮ್ಮನವು.

ಅವಳು ದಾಬಸ್‌ಪೇಟೆ ಕಡೆಯವಳು, ಶಿವಗಂಗೆ ಬೆಟ್ಟ ನೋಡುತ್ತಾ ಬೆಳೆದವಳು. ಇಪ್ಪತ್ತಕ್ಕೆ ನಮ್ಮೂರಿನ ರಾಮಲಿಂಗಯ್ಯನನ್ನು ಮದುವೆಯಾಗಿ ಬಂದಳು. ಅವರ ಮನೆಯ ಮುಂದಿನ ಭಾಗದಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ, ಹಿಂದೆ ಅಡುಗೆಮನೆ. ಮೂವತ್ತು ವರ್ಷದಿಂದ ಎರಡು ಮಗ್ಗ ಅವಳ ಪಾಲಿಗೆ. ಈ ಮಗ್ಗದ ಎಳೆ ಕಡಿಯಿತೇ ಎಂದು ನೋಡಿ, ಆ ಮಗ್ಗದ ಲಾಳಿಗೆ ನೂಲು ಹಾಕಿ, ದಿನವಿಡೀ ಅತ್ತಿಂದಿತ್ತ ನಡಿಗೆ. ಆ ಸದ್ದಿನಲ್ಲಿ ಅವಳ ಕಿವಿ ಅರ್ಧ ಮಂದವಾಗಿದೆ. ನಮ್ಮೂರಿನ ಮಗ್ಗದವರಲ್ಲಿ ಇದೇನೂ ಹೊಸತಲ್ಲ, ಎದುರಿನವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಾರೆ. ಕೋಲಾಟದಲ್ಲಿ ನಾನು ಅವಳ ಬೆನ್ನ ಹಿಂದಿದ್ದರೆ ನನ್ನ ದನಿ ಅವಳಿಗೆ ತಲುಪುತ್ತಿರಲಿಲ್ಲ. ಪಕ್ಕದವಳ ಕಾಲು ನೋಡಿಕೊಂಡು ತನ್ನ ಕಾಲು ಎತ್ತುತ್ತಿದ್ದಳು. ಎಷ್ಟು ಬೈದಿದ್ದೇನೆ. ಒಂದು ದಿನವೂ ಮುಖ ಸಣ್ಣದು ಮಾಡಿಕೊಂಡವಳಲ್ಲ.

ಹೋದ ವರ್ಷ ಕಾರ್ತಿಕದಲ್ಲಿ ಘಾಟಿ ಸುಬ್ರಹ್ಮಣ್ಯದ ಹತ್ತಿರ ಒಂದು ಮದುವೆಗೆ ಕೋಲಾಟ ಆಡಿ ವಾಪಸು ಬರುತ್ತಿದ್ದೆವು. ನಮ್ಮ ಟೆಂಪೊ ಕೆಟ್ಟು ರಸ್ತೆ ಬದಿ ನಿಂತಿತು. ಎದುರಿಗೆ ಮಾಕಳಿದುರ್ಗ. ನಾವೆಲ್ಲ ಡ್ರೈವರ್‌ಗೆ ಬೈಯುತ್ತಿದ್ದರೆ ಇವಳು ಬೆಟ್ಟ ನೋಡುತ್ತಾ ನಿಂತಿದ್ದಳು.

“ಬರೋ ಭಾನುವಾರ ಹತ್ತೋಣ್ವೇನ್ರೇ?” ಎಂದಳು.

“ಸುಮ್ನಿರು, ಹೆಜ್ಜೆ ಕಲಿ ಮೊದ್ಲು,” ಎಂದೆ.

ಎಲ್ಲರೂ ನಕ್ಕರು. ಅವಳೂ ನಕ್ಕಳು. ಭಾನುವಾರ ಅಭ್ಯಾಸಕ್ಕೆ ಆರೇ ಜನ ಬಂದದ್ದು. ಉಳಿದ ಮೂವರನ್ನು ಕರೆದುಕೊಂಡು ಗಂಗಲಕ್ಷ್ಮಮ್ಮ ಬೆಟ್ಟಕ್ಕೆ ಹೋಗಿದ್ದಳು. ಆ ಮೂವರಲ್ಲಿ ಕವಿತ ಒಬ್ಬಳು.

ಕವಿತ ನನ್ನ ಜೋಡಿ. ಹತ್ತು ವರ್ಷ ನನ್ನ ಎದುರಿಗೆ ನಿಂತು ನನ್ನ ಕೋಲಿಗೆ ಕೋಲು ಕೊಟ್ಟವಳು. ಮುನಿವೆಂಕಟಮ್ಮನವರ ಸೊಸೆ, ಬ್ಯಾಂಕಿನಲ್ಲಿ ಕೆಲಸ, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಹಬ್ಬಕ್ಕೆ ಸೀರೆ ತೆಗೆಯುವಾಗ ಕೂಡ ಇಬ್ಬರೂ ಒಂದೇ ಬಣ್ಣ ತೆಗೆಯುತ್ತಿದ್ದೆವು. ಅವಳು ಹೇಳದೆ ಹೋದಳಲ್ಲ ಎಂದು ಆ ದಿನ ನಾನು ಊಟ ಮಾಡಲಿಲ್ಲ.

ಸಂಜೆಯ ಹೊತ್ತಿಗೆ ಫೋಟೊಗಳು ಬಂದವು. ಗಂಗಲಕ್ಷ್ಮಮ್ಮ ಸೀರೆಯ ಕೆಳಗೆ ಮಗಳು ಸ್ನೇಹಳ ಹಳೆಯ ಬಿಳಿ ಶೂ ಹಾಕಿ ಕೋಟೆ ಗೋಡೆಯ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಕವಿತ ಅವಳ ಹೆಗಲಿಗೆ ತಲೆಯಾನಿಸಿದ್ದಳು. ಎರಡು ಬೆರಳಿಂದ ಆ ಫೋಟೊ ದೊಡ್ಡದು ಮಾಡಿ ಮಾಡಿ ನೋಡಿದೆ. ಕವಿತ ನನ್ನ ಪಕ್ಕ ನಿಂತ ಒಂದು ಫೋಟೊದಲ್ಲೂ ಹಾಗೆ ನಕ್ಕಿರಲಿಲ್ಲ.

ಆಮೇಲೆ ಸ್ನೇಹ ವಾಟ್ಸಾಪಿನಲ್ಲಿ ‘ಬೆಟ್ಟದ ಬಳಗ’ ಎಂದು ಗ್ರೂಪ್ ಮಾಡಿದಳು. ಒಂದು ವಾರ ಬೆಟ್ಟ, ಒಂದು ವಾರ ಕೋಲಾಟ ಎಂದು ಅವರವರೇ ಮಾತಾಡಿಕೊಂಡರು. ನನ್ನನ್ನು ಗ್ರೂಪಿಗೆ ಸೇರಿಸಿರಲಿಲ್ಲ. ಕಾರಣ ಕೇಳಲು ಗಂಗಲಕ್ಷ್ಮಮ್ಮನ ಮನೆಗೇ ಹೋದೆ. ಮಗ್ಗ ನಿಲ್ಲಿಸಿ ಬಂದು ನನ್ನ ಮುಖ ನೋಡುತ್ತಾ ನಿಂತಳು.

“ನಿಮ್ಗೆ ಮಂಡಿ ನೋವಲ್ವಾ ಅಕ್ಕ, ಅದಕ್ಕೇ ಕರೀಲಿಲ್ಲ.”

“ಮಂಡಿ ನೋವು ಅಂತ ಯಾರಂದ್ರು?”

“ಕವಿತ.”

“ಅಂಥಾದ್ದೇನಿದೆ ಆ ಬೆಟ್ಟದಲ್ಲಿ?”

“ಅಲ್ಲಿ ಮೇಲೆ ಸದ್ದಿಲ್ಲ ಅಕ್ಕ. ಕಿವಿ ಒಳಗೆ ಯಾವಾಗ್ಲೂ ಮಗ್ಗ ಓಡ್ತಿರುತ್ತೆ ನಂಗೆ. ಅಲ್ಲಿ ಹೋದ್ರೆ ಒಂದು ಗಳಿಗೆ ನಿಲ್ಲುತ್ತೆ,” ಎಂದಳು.

ನನಗೂ ಅಂಥದ್ದೊಂದು ಕಾರಣ ಇದ್ದಿದ್ದರೆ ಎನಿಸಿತು. ಈ ಸಲ ನಾನೂ ಬರುತ್ತೇನೆ ಎಂದುಬಿಟ್ಟೆ.

ಜನವರಿಯ ಮೊದಲ ಭಾನುವಾರ ಹತ್ತು ಜನವೂ ಮಾಕಳಿದುರ್ಗಕ್ಕೆ ಹೊರಟೆವು. ಅರಣ್ಯ ಇಲಾಖೆಯ ಟಿಕೆಟನ್ನು ಸ್ನೇಹ ಫೋನಿನಲ್ಲೇ ಮಾಡಿಸಿದ್ದಳು. ಮೇಲೆ ಹೋಗಿ ಒಂದು ಸುತ್ತು ಕೋಲಾಟ ಆಡೋಣ ಎಂದು ನಾನೇ ಹೇಳಿದ್ದರಿಂದ ಎಲ್ಲರೂ ಕೋಲು ತಂದಿದ್ದರು. ಹತ್ತುವಾಗಿನ ನನ್ನ ಪಾಡು ಬರೆಯಲು ನಾಚಿಕೆ. ಹತ್ತು ಹೆಜ್ಜೆಗೊಮ್ಮೆ ಬಂಡೆ ಹಿಡಿದು ನಿಲ್ಲುತ್ತಿದ್ದೆ. ಕೋಲಾಟದಲ್ಲಿ ಕಾಲು ಎತ್ತಲು ಬಾರದವಳು ಕುರಿಮರಿಯಂತೆ ಮುಂದೆ ಮುಂದೆ ಹೋಗುತ್ತಿದ್ದಳು. ನಿಂತು ಹಿಂದಿನವರಿಗೆ ಕೈ ಕೊಡುತ್ತಿದ್ದಳು. ನನಗೂ ಕೊಟ್ಟಳು. ಹಿಡಿಯದೆ ಬೇರೆ ದಾರಿಯಿರಲಿಲ್ಲ.

ಮೇಲೆ ಗುಡಿಯ ಮುಂದೆ, ನಂದಿಯ ಎದುರು ಸುತ್ತು ಕಟ್ಟಿದೆವು. ನಾನು ಕೂಗಿದೆ, ಅವರು ಆಡಿದರು. ಬೆಂಗಳೂರಿನಿಂದ ಬಂದಿದ್ದ ಹುಡುಗ ಹುಡುಗಿಯರು ಸುತ್ತ ನಿಂತು ವಿಡಿಯೊ ಮಾಡಿಕೊಂಡರು. ಕವಿತ ನನ್ನ ಎದುರಿಗಿದ್ದಳು. ಗಂಗಲಕ್ಷ್ಮಮ್ಮ ಎಂದಿನಂತೆ ಅರ್ಧ ತಾಳ ತಡ. ಹತ್ತು ನಿಮಿಷ ಎಲ್ಲ ಮೊದಲಿನಂತಾಯಿತು, ಮಂಡಿ ನೋವು ಕೂಡ ಮರೆತುಹೋಯಿತು.

ಇಳಿಯುವಾಗ ಮತ್ತೆ ಅವಳೇ ಮುಂದೆ, ನಡುವೆ ಎಂಟು ಜನ, ಕೊನೆಗೆ ನಾನು. ಕವಿತ ಅವಳ ಬೆನ್ನಿಗೇ ಇದ್ದಳು. ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು. ನನ್ನ ಬಗ್ಗೆಯೇ ಇರಬೇಕು ಎನಿಸಿತು. ಕೋಟೆಯಿಂದ ಸ್ವಲ್ಪ ಕೆಳಗೆ ಒಂದು ದೊಡ್ಡ ಬಂಡೆಯ ಬಳಿ ಕಾಲುದಾರಿ ಎರಡಾಗುತ್ತಿತ್ತು. ಗಂಗಲಕ್ಷ್ಮಮ್ಮ ಬಲಕ್ಕೆ ತಿರುಗಿದಳು. ಎಡಗಡೆ ಕೆಳಗೆ ರೈಲು ಹಳಿ ಹತ್ತಿರದಲ್ಲೇ ಕಾಣುತ್ತಿತ್ತು. ಆ ದಾರಿ ಸರಿ ಎಂದು ನನಗೆ ಗೊತ್ತಿತ್ತೆಂದಲ್ಲ. ಅವಳು ಬಲಕ್ಕೆ ಹೋದಳು, ನನಗೆ ಎಡಕ್ಕೆ ಹೋಗಬೇಕೆನಿಸಿತು, ಅಷ್ಟೇ.

ಕೋಲಾಟದ ದನಿಯಲ್ಲೇ ಕೂಗಿದೆ. “ಎಡಕ್ಕೆ.”

ಎಂಟು ಜನವೂ ಎಡಕ್ಕೆ ತಿರುಗಿದರು. ಒಬ್ಬಳಾದರೂ ನಿಂತು, ಯಾಕಕ್ಕ ಎಂದು ಕೇಳಬೇಕಲ್ಲ? ಕೇಳಲಿಲ್ಲ. ಹತ್ತು ವರ್ಷದಿಂದ ಆ ದನಿಗೆ ತಿರುಗಿದ ಕಾಲುಗಳು, ಬೆಟ್ಟ ಎಂದು ಬಿಡುತ್ತವೆಯೇ? ಗಂಗಲಕ್ಷ್ಮಮ್ಮನಿಗೆ ಮಾತ್ರ ಕೇಳಿಸಲಿಲ್ಲ, ಅವಳು ತನ್ನ ಪಾಡಿಗೆ ಬಲಕ್ಕೆ ನಡೆದುಹೋದಳು. ನನಗಾದ ಖುಷಿ ಹೇಳುವಂತಿಲ್ಲ.

ಖುಷಿ ಐದು ನಿಮಿಷ ಇತ್ತು. ದಾರಿ ಲಂಟಾನ ಪೊದೆಯೊಳಗೆ ಹೋಗಿ ಒಂದು ಇಳಿಜಾರು ಬಂಡೆಯ ಮೇಲೆ ಮುಗಿಯಿತು. ಬಂಡೆಯ ಮೇಲೆಲ್ಲ ಸಣ್ಣ ಜಲ್ಲಿಯಂಥ ಕಲ್ಲು. ಮುಂದೆ ಇದ್ದ ಕವಿತ ಜಾರಿದಳು. ಎರಡಾಳು ಉದ್ದದಷ್ಟು ಜಾರಿ, ಪೊದೆಗೆ ಸಿಕ್ಕಿ ನಿಂತಳು. ಎಡಗಾಲಿನ ಗಿಣ್ಣು ಆಗಲೇ ಬಾತುಕೊಂಡಿತ್ತು.

ಹಿಂದೆ ಯಾರೂ ಇಲ್ಲದ್ದು ನೋಡಿ ಗಂಗಲಕ್ಷ್ಮಮ್ಮ ವಾಪಸು ಬಂದಳು. ಏನಾಯಿತೆಂದು ಕೇಳಲಿಲ್ಲ. ನನ್ನ ಕೈಯಲ್ಲಿದ್ದ ಎರಡು ಕೋಲು ತೆಗೆದುಕೊಂಡು ಕವಿತಳ ಕಾಲಿನ ಎರಡೂ ಬದಿಗೆ ಇಟ್ಟು ಟವೆಲಿನಿಂದ ಬಿಗಿದು ಕಟ್ಟಿದಳು. ಮೂವತ್ತು ವರ್ಷ ಎಳೆ ಗಂಟು ಹಾಕಿದ ಕೈ, ಕಟ್ಟು ಅಲ್ಲಾಡಲಿಲ್ಲ. ಆಟೊ ಕರೆತರುತ್ತೇನೆಂದು ನಾನು ಮುಂಚೆಯೇ ಇಳಿದುಬಿಟ್ಟೆ. ಅವರ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಮೂಳೆ ಸಣ್ಣಗೆ ಬಿರಿದಿದೆ ಎಂದು ಪಟ್ಟಿ ಹಾಕಿದರು. ಮನೆಗೆ ಕರೆದುಕೊಂಡು ಹೋದಾಗ ಮುನಿವೆಂಕಟಮ್ಮನವರು ಬಾಗಿಲಲ್ಲೇ ನಿಂತಿದ್ದರು.

“ಯಾರು ದಾರಿ ತಪ್ಸಿದ್ದು?” ಎಂದು ಕೇಳಿದರು.

ನಾನು ಆಟೊದವನಿಗೆ ದುಡ್ಡು ಎಣಿಸತೊಡಗಿದೆ. ಅಷ್ಟರಲ್ಲಿ ಗಂಗಲಕ್ಷ್ಮಮ್ಮ, “ನಾನೇ ಅಮ್ಮ. ಮುಂದೆ ಇದ್ದೋಳು ನಾನೇ, ದಾರಿ ಗೊತ್ತಾಗ್ಲಿಲ್ಲ,” ಎಂದಳು.

ಮುನಿವೆಂಕಟಮ್ಮನವರು ಅವಳಿಗೆ ಹೇಳಬಾರದ್ದೆಲ್ಲ ಹೇಳಿದರು. ಕಿವುಡಿ ಎಂದರು. ನಾವು ಎಂಟು ಜನ ಕಂಬಗಳ ಹಾಗೆ ನಿಂತಿದ್ದೆವು. ಆ ವಾರವೇ ಒಂದೊಂದು ಮನೆಯಿಂದಲೂ ಬೆಟ್ಟ ಸಾಕು ಎಂಬ ಮಾತು ಬಂತು. ‘ಬೆಟ್ಟದ ಬಳಗ’ದಲ್ಲಿ ಫೋಟೊ ಬರುವುದು ನಿಂತಿತು. ರಾಮಲಿಂಗಯ್ಯನೂ ಹೆಂಡತಿಗೆ, ನಿನ್ನಿಂದ ತಲೆ ತಗ್ಗಿಸೋ ಹಾಗಾಯ್ತು ಎಂದನಂತೆ.

ಮುಂದಿನ ಭಾನುವಾರ ಕವಿತಳನ್ನು ಬಿಟ್ಟು ಎಲ್ಲರೂ ಅಭ್ಯಾಸಕ್ಕೆ ಬಂದರು. ನನಗೆ ಬೇಕಾದದ್ದು ಸಿಕ್ಕಿತ್ತು. ಗಂಗಲಕ್ಷ್ಮಮ್ಮನಿಗೆ ನನ್ನ ಕೂಗು ಕೇಳಿಸಿರಲಿಲ್ಲ, ತಾನೇ ತಪ್ಪು ಮಾಡಿದೆ ಎಂದು ನಿಜವಾಗಿ ತಿಳಿದಿದ್ದಾಳೆ ಎಂದು ಸಮಾಧಾನ ಹೇಳಿಕೊಂಡೆ. ಹದಿನೈದು ದಿನ ಆ ಸಮಾಧಾನ ನಡೆಯಿತು.

ಆಮೇಲೆ ಹಣ್ಣು ತೆಗೆದುಕೊಂಡು ಕವಿತಳನ್ನು ನೋಡಲು ಹೋದೆ. ಅವಳು ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು.

“ಪಾಪ, ಗಂಗಲಕ್ಷ್ಮಮ್ಮಂಗೆ ದಾರಿ ಗೊತ್ತಾಗ್ಲಿಲ್ಲ,” ಎಂದೆ.

ಕವಿತ ನನ್ನನ್ನು ನೋಡಿದಳು. “ಅಕ್ಕ, ನಮ್ಗೆ ಕಿವಿ ಕೇಳ್ಸುತ್ತೆ.”

ನಾನು ತಂದಿದ್ದ ಹಣ್ಣನ್ನು ಮಂಚದ ಮೇಲಿಟ್ಟೆ.

“ನೀವು ಆಟೊ ತರೋಕೆ ಹೋದ್ರಲ್ಲ, ಆವಾಗ ಗಂಗಕ್ಕ ಕೇಳಿದ್ರು, ಯಾಕೆ ಈ ಕಡೆ ಬಂದ್ರಿ ಅಂತ. ಹೇಳಿದ್ವಿ. ದೇವಮ್ಮಕ್ಕನ ಹೆಸರು ಯಾರೂ ಎತ್ಬೇಡಿ ಅಂದ್ರು. ಅವರ ಮಾತಿಗೆ ಬೆಲೆ ಹೋದ್ರೆ ಕೋಲಾಟ ನಿಂತೋಗುತ್ತೆ, ಬೆಟ್ಟ ಎಲ್ಲೂ ಹೋಗಲ್ಲ ಅಂದ್ರು.”

ಅಂದರೆ ಎಲ್ಲರಿಗೂ ಗೊತ್ತಿತ್ತು. ಭಾನುವಾರ ನಾನು ‘ಎಡಕ್ಕೆ’ ಎಂದಾಗ ಎಲ್ಲರೂ ಗೊತ್ತಿದ್ದೇ ತಿರುಗುತ್ತಿದ್ದರು. ಅವರು ನಡೆಯುತ್ತಿದ್ದದ್ದು ನನ್ನ ಮಾತಿನಂತೆ ಅಲ್ಲ, ಅವಳ ಮಾತಿನಂತೆ. ಆ ಕ್ಷಣದಲ್ಲಿ ನನಗೆ ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ಹೊಟ್ಟೆ ಉರಿದುಹೋಯಿತು. ನನ್ನ ಜೋಡಿಯನ್ನು ಕಿತ್ತುಕೊಂಡಳು, ನನ್ನ ಭಾನುವಾರ ಕಿತ್ತುಕೊಂಡಳು, ಕೊನೆಗೆ ನನ್ನ ತಪ್ಪನ್ನೂ ಕಿತ್ತುಕೊಂಡು ದೊಡ್ಡವಳಾದಳು. ಅದನ್ನಾದರೂ ವಾಪಸು ತೆಗೆದುಕೊಳ್ಳಬೇಕೆಂದು ನೇರವಾಗಿ ಹಿತ್ತಲಿಗೆ ಹೋದೆ.

ಮುನಿವೆಂಕಟಮ್ಮನವರು ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಎದುರಿಗೆ ಕುಳಿತು ನಾಲ್ಕು ಕಾಯಿ ಸುಲಿದೆ. ಆಮೇಲೆ ಹೇಳಿದೆ. ಕೂಗಿದ್ದು ನಾನು, ಅವಳಿಗೆ ಕೇಳಿಸಲೇ ಇಲ್ಲ, ಅವಳು ಹೋದ ದಾರಿಯೇ ಸರಿ ಎಂದೆ.

ಅವರ ಕೈ ನಿಂತಿತು. “ನೀನು ಎಡಕ್ಕೆ ಅಂದೆ ಅಂತ ಎಂಟು ಜನ ಹೋದ್ರಾ?”

“ಹೂಂ.”

“ಏನೂ ಕೇಳ್ದೇನೇ?”

“ಹೂಂ,” ಎಂದೆ. ಆಗಲೂ ನನಗೆ ಸ್ವಲ್ಪ ಹೆಮ್ಮೆಯಾಯಿತು ಎಂದರೆ ನೀವು ನಂಬಬೇಕು.

ಅವರು ಮೊರವನ್ನು ಪಕ್ಕಕ್ಕೆ ಸರಿಸಿದರು. “ಸರಿ. ಇನ್ಮೇಲೆ ನನ್ನ ಸೊಸೆ ಗಂಗಲಕ್ಷ್ಮಮ್ಮನ ಜೊತೆ ಹೋಗ್ಲಿ, ನಾನು ಬೇಡ ಅನ್ನಲ್ಲ. ನೀನು ಮಾತ್ರ ಹೋಗ್ಬೇಡ ತಾಯಿ,” ಎಂದರು.

ಆ ಸಂಜೆಯೇ ಅವರು ಗಂಗಲಕ್ಷ್ಮಮ್ಮನ ಮನೆಗೆ ಹೋಗಿ, ಆಡಿದ ಮಾತಿಗೆ ಕ್ಷಮೆ ಕೇಳಿ ಬಂದರಂತೆ. ಬೀದಿಯಲ್ಲಿ ಸುದ್ದಿ ಹರಡಿತು. ನಾನು ಅಂದುಕೊಂಡಂತೆ ಯಾರೂ ನನ್ನ ಮೇಲೆ ಉಗುಳಲಿಲ್ಲ. ತಾನಾಗಿ ಬಂದು ಒಪ್ಪಿಕೊಂಡಳಂತೆ, ಎಂಥಾ ಮನಸ್ಸು ಎಂದು ಹೊಗಳಿದರು. ನನ್ನ ಮನೆಯವರೇ ಮೊದಲ ಸಲ, “ನಿನ್ನ ಬಗ್ಗೆ ಜನ ಒಳ್ಳೇದು ಮಾತಾಡ್ತಾವ್ರೆ ಕಣೇ,” ಎಂದರು. ಹೊಟ್ಟೆಕಿಚ್ಚಿನಿಂದ ಹೇಳಿದ್ದು ಎಂದು ಯಾರಿಗೂ ಗೊತ್ತಾಗಲಿಲ್ಲ. ನಾನು ಹೇಳಲೂ ಇಲ್ಲ.

ಯುಗಾದಿ ಕಳೆದ ಮೇಲೆ ‘ಬೆಟ್ಟದ ಬಳಗ’ ಮತ್ತೆ ಹೊರಟಿತು. ಈ ಸಲ ಶಿವಗಂಗೆಗೆ. ಆ ಬೆಳಿಗ್ಗೆ ಹಾಲು ತರುವ ನೆಪದಲ್ಲಿ ನಾನು ಬಸ್ ಸ್ಟ್ಯಾಂಡಿನ ಕಡೆ ಹೋದೆ. ಒಂಬತ್ತು ಜನವೂ ಶೂ ಹಾಕಿಕೊಂಡು ನಿಂತಿದ್ದರು. ನನ್ನನ್ನು ಕಂಡು ಗಂಗಲಕ್ಷ್ಮಮ್ಮ ರಸ್ತೆ ದಾಟಿ ಬಂದಳು.

“ಅಕ್ಕ, ಎಲ್ಲಿ ಹೋದ್ರೂ ನಿಮ್ಮದೇ ಮಾತು. ಅಷ್ಟು ಧೈರ್ಯ ಯಾರಿಗೂ ಬರಲ್ಲ ಅಂತ ಮುನಿವೆಂಕಟಮ್ಮೋರು ಎಲ್ರ ಹತ್ರಾನೂ ಹೇಳ್ತಾವ್ರೆ,” ಎಂದಳು.

ನಾನು ಅವಳ ಮುಖವನ್ನು ಹತ್ತಿರದಿಂದ ನೋಡಿದೆ. ಬೈಗುಳ ತಿಂದವಳು ಅವಳು, ಹೊಗಳಿಕೆ ಬಂದದ್ದು ನನಗೆ. ಹುಬ್ಬಿನಲ್ಲಿ, ತುಟಿಯ ತುದಿಯಲ್ಲಿ, ಎಲ್ಲಾದರೂ ಸಾಸಿವೆ ಕಾಳಿನಷ್ಟು ಕಿಚ್ಚು ಇರಲೇಬೇಕು ಎಂದು ಹುಡುಕಿದೆ. ಇರಲಿಲ್ಲ. ಅವಳು ನನಗಾಗಿ ನಿಜವಾಗಿಯೂ ಸಂತೋಷಪಡುತ್ತಿದ್ದಳು. ಬಸ್ಸು ಬಂತು, ಕವಿತ ಕೂಗಿ ಕರೆದಳು, ಕೇಳಿಸದೆ ಇವಳು ಇನ್ನೂ ನನ್ನ ಕೈ ಹಿಡಿದುಕೊಂಡೇ ಇದ್ದಳು. ನಾನೇ ಅವಳನ್ನು ಬಸ್ಸಿನ ಕಡೆಗೆ ತಿರುಗಿಸಿ ಕಳಿಸಿದೆ.

ನನಗಾದ ಹೊಟ್ಟೆಕಿಚ್ಚಿನಲ್ಲಿ ಒಂದು ಪಾಲು ಅವಳಿಗೂ ಆಗಿದ್ದರೆ, ಅವಳನ್ನು ಅಲ್ಲೇ ಕ್ಷಮಿಸಿಬಿಡುತ್ತಿದ್ದೆ.